ಮುಹೂರ್ತದ ಹೊತ್ತಿಗೆ ಬಣ್ಣದ ಲೈಟ್ ಬೇಡ ಅಂತ ಮೊದಲೇ ಬರೆಸಿಕೊಳ್ಳಿ

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಯಾರ ಮನೆಯಲ್ಲಾದರೂ ಮದುವೆ ಗೊತ್ತಾಗಿದ್ದರೆ, ಫೋಟೋದವರಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ನನ್ನ ತಂಗಿಯ ಮದುವೆ ಕಳೆದ ವೈಶಾಖದಲ್ಲಿ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಮದುವೆಗೆ ಏನೂ ಕೊರತೆ ಆಗಲಿಲ್ಲ. ಆಲ್ಬಂ ಕೈಗೆ ಬಂದ ದಿನ ಮಾತ್ರ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಧಾರೆಯ ಫೋಟೋಗಳಲ್ಲಿ ಒಂದರಲ್ಲೂ ಅರಿಶಿನ ಹಳದಿಯಾಗಿಲ್ಲ, ಕುಂಕುಮ ಕೆಂಪಾಗಿಲ್ಲ. ಅರ್ಧಕ್ಕರ್ಧ ನೀಲಿ, ಉಳಿದವು ಕಪ್ಪು ಬಿಳುಪು.

ಸ್ಟುಡಿಯೋ ಹೆಸರು ಇಲ್ಲಿ ಹಾಕುವುದಿಲ್ಲ. ಅವರ ಜೊತೆ ಮಾತುಕತೆ ಇನ್ನೂ ಮುಗಿದಿಲ್ಲ. ಅದೂ ಅಲ್ಲದೆ ಇದು ಒಬ್ಬರ ಕಥೆ ಅಲ್ಲ, ಈಗ ಎಷ್ಟೋ ಮದುವೆಗಳಲ್ಲಿ ಕೆಲಸ ನಡೆಯುವುದೇ ಹೀಗೆ. ಅದಕ್ಕೇ ಎಲ್ಲಿ ಏನು ಕೆಟ್ಟಿತು ಅಂತ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅವರು ತೋರಿಸಿದ ಫೋಟೋಗಳ ವಿಷಯ. ಮೊಬೈಲಿನಲ್ಲಿ ಒಂದಕ್ಕಿಂತ ಒಂದು ಚೆಂದ. ಪ್ರಿ ವೆಡ್ಡಿಂಗ್ ಶೂಟ್‌ಗೆ ನಮ್ಮವರನ್ನು ಶೆಟ್ಟಿಹಳ್ಳಿಯ ಹಳೇ ಚರ್ಚ್‌ಗೆ ಕರೆದುಕೊಂಡು ಹೋದರು. ಗೊರೂರು ಅಣೆಕಟ್ಟೆಯ ಹಿನ್ನೀರು ಇಳಿದಿತ್ತು, ಒಳಗೆ ನಡೆದುಕೊಂಡೇ ಹೋಗಬಹುದಿತ್ತು. ಸಂಜೆ ಬಿಸಿಲು ಮುರಿದ ಕಮಾನುಗಳ ಮಧ್ಯೆ ಬರುತ್ತಿತ್ತು. ಹುಡುಗನ ಕೈಗೆ ಬಣ್ಣ ಬದಲಾಯಿಸುವ ಟ್ಯೂಬ್ ಲೈಟ್ ಕೊಟ್ಟರು, ಲೆನ್ಸ್ ಮುಂದೆ ತಾಮ್ರದ ಪೈಪಿನ ತುಂಡು ಹಿಡಿದು ಸುತ್ತ ಬೆಂಕಿಯ ಬಳೆ ಬರುವ ಹಾಗೆ ತೆಗೆದರು, ಲೆನ್ಸ್ ಕೆಳಗೆ ಮೊಬೈಲ್ ಸ್ಕ್ರೀನ್ ಇಟ್ಟು ನೀರಿನ ನೆರಳಿನಂತೆ ಮಾಡಿದರು. ಆ ಫೋಟೋಗಳು ಈಗಲೂ ನನಗೆ ಇಷ್ಟ. ಆ ಹುಡುಗರಿಗೆ ಕೈಚಳಕ ಇದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಸರಿ ಬರಲಿಲ್ಲ ಅಂದರೆ ಇನ್ನೊಂದು ಸಲ ನಿಲ್ಲಿಸಿ ತೆಗೆಯಬಹುದು, ಬೆಳಕು ಎಲ್ಲಿಂದ ಬರಬೇಕು ಅನ್ನುವುದೂ ಅವರ ಕೈಯಲ್ಲೇ ಇರುತ್ತದೆ. ಮಾಂಗಲ್ಯಧಾರಣೆಯನ್ನು ಇನ್ನೊಂದು ಸಲ ಮಾಡಿ ಅನ್ನೋಕಾಗುತ್ತಾ? ಅವರು ಸ್ಯಾಂಪಲ್ ಅಂತ ತೋರಿಸಿದ್ದೆಲ್ಲ ಇಂಥ ನಿಲ್ಲಿಸಿ ತೆಗೆದ ಫೋಟೋಗಳೇ. ಒಂದು ಮದುವೆಯನ್ನು ಬೆಳಗ್ಗೆಯಿಂದ ಊಟದ ಪಂಕ್ತಿವರೆಗೆ ಪೂರ್ತಿ ತೆಗೆದ ಆಲ್ಬಂ ಅದರಲ್ಲಿ ಇರಲಿಲ್ಲ.

ಪ್ಯಾಕೇಜ್‌ನಲ್ಲಿ ಇದ್ದದ್ದು ಟ್ರೆಡಿಷನಲ್ (ಶಾಸ್ತ್ರ, ನೆಂಟರ ಗುಂಪು ಎಲ್ಲ ನಿಲ್ಲಿಸಿ ತೆಗೆಯುವವರು) ಒಬ್ಬರು, ಕ್ಯಾಂಡಿಡ್ (ಹೇಳದೆ ಸಹಜವಾಗಿ ತೆಗೆಯುವವರು) ಒಬ್ಬರು, ವಿಡಿಯೋಗೆ ಇಬ್ಬರು. ಮದುವೆ ದಿನ ಟ್ರೆಡಿಷನಲ್‌ನವರು ಬರಲೇ ಇಲ್ಲ. ಒಳ್ಳೆ ಲಗ್ನ, ಅದೇ ದಿನ ಇನ್ನೊಂದು ಕಡೆಯೂ ಅವರ ಕೆಲಸ ಇತ್ತಂತೆ. ಕ್ಯಾಂಡಿಡ್ ಹುಡುಗನೇ ಎಲ್ಲ ನೋಡಿಕೊಳ್ಳುತ್ತಾನೆ ಅಂದರು. ಆ ಹುಡುಗ ಬಂದವನೇ ಡೆಕೋರೇಷನ್‌ನವರ ಜೊತೆ ಮಾತಾಡಿ ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಡಿಸಿದ. ಮಂಟಪದ ಬಿಳಿ ಫೋಕಸ್ ಲೈಟ್ ಆರಿಸಿ, ನೀಲಿ ಮತ್ತು ನೇರಳೆ ಎಲ್ಇಡಿ ಪಾರ್ ಲೈಟ್‌ಗಳನ್ನು (ಸ್ಟೇಜ್‌ಗೆ ಹಾಕುವ ಡಬ್ಬಿಯಂಥ ಬಣ್ಣದ ಲೈಟ್) ಮಾತ್ರ ಉಳಿಸಿದ. ನಮ್ಮ ಚಿಕ್ಕಪ್ಪ ಹೋಗಿ "ಏನಪ್ಪಾ, ಇಷ್ಟು ಕತ್ತಲೆ ಮಾಡಿದೀಯ, ಪುರೋಹಿತರಿಗೆ ಪುಸ್ತಕ ಕಾಣಲ್ವಲ್ಲ" ಅಂದರು. "ಬಿಳಿ ಲೈಟ್ ಹಾಕಿದ್ರೆ ಮೂಡ್ ಹಾಳಾಗುತ್ತೆ ಅಂಕಲ್, ಎಡಿಟಿಂಗ್‌ನಲ್ಲಿ ಎಲ್ಲ ಸರಿ ಮಾಡ್ತೀವಿ" ಅಂದ. ಹೊರಗೆ ಹತ್ತು ಗಂಟೆಯ ಬಿಸಿಲು, ಒಳಗೆ ರಾತ್ರಿ.

ಎಡಿಟಿಂಗ್‌ನಲ್ಲಿ ಸರಿ ಮಾಡ್ತೀವಿ ಅನ್ನುವ ಮಾತಿದೆಯಲ್ಲ, ಅದನ್ನು ನಂಬಬೇಡಿ. ಕಾರಣ ತುಂಬ ಸರಳ. ಕೆಂಪು ಬಟ್ಟೆ ಕೆಂಪಾಗಿ ಕಾಣುವುದು ಅದರ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪು ಇದ್ದಾಗ ಮಾತ್ರ. ಬಿಸಿಲಿನಲ್ಲಿ, ಸಾಮಾನ್ಯ ಫ್ಲಾಶ್‌ನಲ್ಲಿ ಎಲ್ಲ ಬಣ್ಣವೂ ಸೇರಿರುತ್ತದೆ. ನೀಲಿ ಎಲ್ಇಡಿಯಲ್ಲಿ ಬರೀ ನೀಲಿ. ಅದು ಕೆಂಪು ರೇಷ್ಮೆಯ ಮೇಲೆ ಬಿದ್ದರೆ ವಾಪಸ್ ಬರಲು ಏನೂ ಇಲ್ಲ, ಕಪ್ಪಾಗಿಯೇ ಕಾಣುತ್ತದೆ. ನಮ್ಮಮ್ಮ ಅವತ್ತು ಉಟ್ಟಿದ್ದು ಕಡು ಕೆಂಪಿನ ಮೈಸೂರು ಸಿಲ್ಕ್. ಫೋಟೋದಲ್ಲಿ ಮಗಳ ಧಾರೆಗೆ ಕಪ್ಪು ಸೀರೆ ಉಟ್ಟು ನಿಂತ ಹಾಗೆ ಕಾಣುತ್ತಿದ್ದಾರೆ. ಶುಭಕಾರ್ಯಕ್ಕೆ ಕಪ್ಪು! ಇದನ್ನು ನೋಡಿ ಅಮ್ಮ ಆಲ್ಬಂ ಮುಚ್ಚಿಟ್ಟವರು ಮತ್ತೆ ಮುಟ್ಟಿಲ್ಲ. ತಂಗಿಯ ಧಾರೆ ಸೀರೆ ಕೆಂಪಂಚಿನ ಬಿಳಿ ಸೀರೆ. ಅದು ನೀಲಿಯಾಗಿದೆ, ಕೆಂಪಂಚು ಕಪ್ಪಂಚಾಗಿದೆ. ಕ್ಯಾಮೆರಾಗೆ ಬರದೇ ಇರುವ ಬಣ್ಣವನ್ನು ಯಾವ ಸಾಫ್ಟ್‌ವೇರ್ ಎಲ್ಲಿಂದ ತರುತ್ತದೆ? ಕೈಯಲ್ಲಿ ಒಂದೊಂದೇ ಫೋಟೋಗೆ ಬಣ್ಣ ತುಂಬಬೇಕು ಅಷ್ಟೆ. ಅದನ್ನು ಯಾರೂ ಮಾಡಿಕೊಡುವುದಿಲ್ಲ.

ಧಾರೆ ಎರೆಯುವಾಗಲಾದರೂ ಸುಮ್ಮನಿರಬಾರದಿತ್ತಾ. ಅಪ್ಪ ಗಿಂಡಿ ಹಿಡಿದು ಹಾಲು ಬಿಡುತ್ತಿದ್ದಾರೆ, ಇಬ್ಬರ ಕೈಯ ಮೇಲೆ ತೆಂಗಿನಕಾಯಿ, ಹಿಂದೆ ನೆಂಟರ ಸಾಲು. ಆಗ ಈತ ಶಟರ್ (ಬೆಳಕು ಒಳಗೆ ಬಿಡುವ ಕ್ಯಾಮೆರಾದ ಬಾಗಿಲು) ನಿಧಾನ ಮಾಡಿ ಕ್ಯಾಮೆರಾ ತಿರುಗಿಸಿದ್ದಾನೆ. ಹಿಂದಿನ ಲೈಟ್‌ಗಳೆಲ್ಲ ಗೆರೆ ಗೆರೆಯಾಗಿ ಎಳೆದುಕೊಂಡು, ಕೊನೆಗೆ ಫ್ಲಾಶ್ ಹೊಡೆದಾಗ ಮುಖ ಮಾತ್ರ ನಿಲ್ಲಬೇಕು ಅನ್ನುವ ಟೆಕ್ನಿಕ್ ಅದು. ಆರತಕ್ಷತೆಯಲ್ಲಿ ಹುಡುಗರು ಕುಣಿಯುವಾಗ ತೆಗೆದರೆ ಚೆನ್ನಾಗಿರುತ್ತದೆ. ಇಲ್ಲಿ ಹಾಲಿನ ಧಾರೆ ಹೊಗೆ ಥರ ಆಗಿದೆ, ಅಪ್ಪನ ಕೈಗೆ ಎರಡೆರಡು ಅಂಚು ಬಂದಿದೆ. ಜೊತೆಗೆ ಫ್ಲಾಶ್ ಅನ್ನು ಜೋಡಿಯ ಬೆನ್ನ ಹಿಂದೆ ಇಟ್ಟಿದ್ದ, ಅಂಚಿಗೆ ಬೆಳಕಿನ ಗೆರೆ ಬರಲಿ ಅಂತ. ಗೆರೆ ಬಂತು, ಮುಖ ಹೋಯಿತು.

ಇನ್ನು ಪಟ್ಟೆಗಳು. ಕೆಲವು ಫೋಟೋಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದಿವೆ, ಅಂತರಪಟ ಸರಿಸುವ ಫೋಟೋ ಸೇರಿ. ಇದರ ಹಿಂದಿನ ಕಥೆ ಏನು ಅಂದರೆ, ನಮ್ಮ ಕರೆಂಟ್ 50 ಹರ್ಟ್ಸ್ (ಸೆಕೆಂಡಿಗೆ 50 ಸುತ್ತು), ಸುತ್ತಿಗೆ ಎರಡು ಸಲದಂತೆ ಕಡಿಮೆ ದರ್ಜೆಯ ಎಲ್ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಶಬ್ದ ಬರಬಾರದು ಅಂತ ಕ್ಯಾಮೆರಾದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡರೆ, ಅದು ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಓದುವಾಗ ಲೈಟ್ ಮಂಕಾಗಿದ್ದ ಸಾಲು ಕಪ್ಪು ಪಟ್ಟೆಯಾಗುತ್ತದೆ. ಮೆಕ್ಯಾನಿಕಲ್ ಶಟರ್‌ನಲ್ಲಿ 1/50 ಅಥವಾ 1/100 ಸೆಕೆಂಡಿನ ಸ್ಪೀಡ್ ಇಟ್ಟರೆ ಸಾಮಾನ್ಯವಾಗಿ ಪಟ್ಟೆ ತಪ್ಪುತ್ತದೆ, ಈ ಮಿನುಗು (ಫ್ಲಿಕರ್) ಕಡಿಮೆ ಮಾಡುವ ಸೆಟ್ಟಿಂಗ್ ಕೂಡ ಈಗಿನ ಎಷ್ಟೋ ಕ್ಯಾಮೆರಾಗಳಲ್ಲಿ ಇದೆ. ಆರತಕ್ಷತೆಗೆ ಲೇಸರ್ ಲೈಟ್ ಹಾಕಿಸುವವರಿಗೆ ಇನ್ನೊಂದು ಮಾತು: ಲೇಸರ್ ನೇರ ಲೆನ್ಸ್‌ಗೆ ಹೊಡೆದರೆ ಕ್ಯಾಮೆರಾದ ಸೆನ್ಸರ್ ಸುಟ್ಟು ಹೋಗಬಹುದು, ಆಮೇಲೆ ಅದೇ ಕ್ಯಾಮೆರಾದಲ್ಲಿ ತೆಗೆದ ಎಲ್ಲದರಲ್ಲೂ ಗೆರೆ ಬರುತ್ತದೆ.

ಎಡಿಟಿಂಗ್‌ಗೆ ಬರುತ್ತೇನೆ, ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಅಲ್ಲೇ. ಎಲ್ಲ ಫೋಟೋಗಳಿಗೂ ಒಂದೇ ಪ್ರಿಸೆಟ್ (ಮೊದಲೇ ಮಾಡಿಟ್ಟ ಬಣ್ಣದ ಸೆಟ್ಟಿಂಗ್) ಎಳೆದಿದ್ದಾರೆ. ನೆರಳೆಲ್ಲ ಹಸಿರು ನೀಲಿ, ಮೈಬಣ್ಣವೆಲ್ಲ ಕಿತ್ತಳೆ. ಕಾಫಿ ತೋಟದಲ್ಲಿ ನಿಲ್ಲಿಸಿದ ಜೋಡಿಗೆ ಅದು ಒಪ್ಪಬಹುದು. ಚಪ್ಪರದ ದಿನ ಬೆಳಗ್ಗೆ ಕುಯ್ದು ಕಟ್ಟಿದ ಮಾವಿನ ಸೊಪ್ಪು, ಬಾಳೆಕಂದು ಎಲ್ಲ ಒಣಗಿದ ಬಣ್ಣಕ್ಕೆ ತಿರುಗಿವೆ. ಅರಿಶಿನ ಶಾಸ್ತ್ರ ಬಿಸಿಲಲ್ಲೇ ಆಗಿತ್ತು, ಬೆಳಕು ಚೆನ್ನಾಗಿತ್ತು, ಅಲ್ಲೂ ಅರಿಶಿನ ಕೇಸರಿಯಾಗಿದೆ. ತೀರಾ ನೀಲಿಯಾದವನ್ನು ಕಪ್ಪು ಬಿಳುಪು ಮಾಡಿ "ಆರ್ಟಿಸ್ಟಿಕ್" ಅಂದರು. ಬಣ್ಣ ಕೆಟ್ಟಾಗ ಮುಚ್ಚುವ ಸುಲಭದ ದಾರಿ ಅದು, ತಿಳಿದಿರಲಿ.

ನಮ್ಮಜ್ಜಿಗೆ ಎಂಬತ್ತು ದಾಟಿದೆ. ಹುಬ್ಬಿನ ಮಧ್ಯೆ, ಗಲ್ಲದ ಮೇಲೆ ಹಸಿರು ಹಚ್ಚೆಯ ಚುಕ್ಕಿ ಇದೆ, ಚಿಕ್ಕ ಹುಡುಗಿಯಾಗಿದ್ದಾಗ ಹಾಕಿಸಿಕೊಂಡಿದ್ದು. ನಮಗೆ ಅಜ್ಜಿ ಅಂದರೆ ಆ ಚುಕ್ಕಿಗಳು, ಕೆನ್ನೆಯ ಆ ಸುಕ್ಕುಗಳು. ಆಲ್ಬಂನಲ್ಲಿ ಎರಡೂ ಇಲ್ಲ! ಮುಖ ನುಣ್ಣಗೆ ಮಾಡುವ ಸಾಫ್ಟ್‌ವೇರ್‌ಗೆ ಹಚ್ಚೆ ಕಲೆಯಾಗಿ ಕಂಡಿದೆ, ಸುಕ್ಕು ದೋಷವಾಗಿ ಕಂಡಿದೆ. ಒಂದೇ ಸಲಕ್ಕೆ ಎಲ್ಲರ ಮುಖವನ್ನೂ ಅದರಲ್ಲಿ ಹಾಯಿಸಿದ್ದಾರೆ, ಯಾರೂ ಕೂತು ನೋಡಿಲ್ಲ. ಮೊಮ್ಮಗಳಿಗೆ ಅಕ್ಷತೆ ಹಾಕುತ್ತಿರುವುದು ಯಾರೋ ಗೊತ್ತಿಲ್ಲದ ಹೆಂಗಸು ಅನ್ನಿಸುತ್ತದೆ. ತಂಗಿಯದ್ದು ಎಣ್ಣೆಗೆಂಪು ಮೈಬಣ್ಣ, ಲಕ್ಷಣವಾದ ಮುಖ. ಅವಳನ್ನು ಸುಣ್ಣದ ಬಿಳಿ ಮಾಡಿದ್ದಾರೆ, ಕೈ ಒಂದು ಬಣ್ಣ, ಮುಖ ಒಂದು ಬಣ್ಣ. ಮೇಲ್ದುಟಿಯ ಮಚ್ಚೆಯೂ ಹೋಗಿದೆ. ಬೆಳ್ಳಗೆ ಮಾಡಿ ಅಂತ ನಾವು ಯಾರೂ ಹೇಳಿರಲಿಲ್ಲ. ಹೆಣ್ಣಿನ ಬಣ್ಣ ಬದಲಾಯಿಸುವ ಅಧಿಕಾರ ಇವರಿಗೆ ಯಾರು ಕೊಟ್ಟರು?

ಎಡಿಟ್ ಮಾಡದ ಮೂಲ ಫೈಲ್ ಕೊಡಿ, ಬೇರೆ ಕಡೆ ಮಾಡಿಸಿಕೊಳ್ಳುತ್ತೇವೆ ಅಂದೆವು. ಆಗ ಗೊತ್ತಾಯಿತು, ರಾ ಫೈಲ್ (ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ದೊಡ್ಡ ಫೈಲ್) ತೆಗೆದೇ ಇಲ್ಲ, ಕಾರ್ಡ್ ಬೇಗ ತುಂಬುತ್ತದೆ ಅಂತ ಬರೀ ಜೆಪೆಗ್, ಅಂದರೆ ಕುಗ್ಗಿಸಿದ ಮಾಮೂಲಿ ಫೋಟೋ ಫೈಲ್. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಕತ್ತಲಿಂದ ಬೆಳಕಿನವರೆಗೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಫೈಲ್‌ನಲ್ಲಿ 16,384. ಕತ್ತಲೆಯಾದ ಮುಖ ಎತ್ತಲು, ಹಳದಿ ನೀಲಿ ಸರಿದೂಗಿಸಲು ಈ ಮೆಟ್ಟಿಲುಗಳೇ ಬೇಕು. ರಾ ಇದ್ದಿದ್ದರೂ ಬರೀ ನೀಲಿ ಬೆಳಕಿನಲ್ಲಿ ಕಳೆದ ಕೆಂಪು ಬರುತ್ತಿರಲಿಲ್ಲ, ಆದರೆ ಅಪ್ಪನ ಮುಖವಾದರೂ ಕಾಣುತ್ತಿತ್ತೇನೋ. ಕೇಳಿದರೆ ಸ್ಟುಡಿಯೋದವರು "ಲೈಟ್ ಹಾಕಿದ್ದು ಡೆಕೋರೇಷನ್‌ನವರು ಮೇಡಂ" ಅನ್ನುತ್ತಾರೆ. ಡೆಕೋರೇಷನ್‌ನವರು "ನಿಮ್ಮ ಫೋಟೋದವರೇ ಬಿಳಿ ಲೈಟ್ ಆಫ್ ಮಾಡಿಸಿದ್ದು" ಅನ್ನುತ್ತಾರೆ.

ಮೂಡಿಗೆರೆಯಲ್ಲಿ ಬೀಗರ ಔತಣಕ್ಕೆ ಗಂಡಿನ ಕಡೆಯವರು ಅಲ್ಲೇ ಊರಿನ ಒಬ್ಬರನ್ನು ಕರೆಸಿದ್ದರು. ವಯಸ್ಸಾದವರು. ಎರಡು ಸ್ಟ್ಯಾಂಡ್, ಎರಡು ಬಿಳಿ ಛತ್ರಿ, ಫ್ಲಾಶ್ ಛತ್ರಿಗೆ ಹೊಡೆದು ಮೆತ್ತಗಾಗಿ ಮುಖಕ್ಕೆ ಬರುತ್ತದೆ. ಹಾಲ್‌ನ ಲೈಟ್ ಹಳದಿ ಇದೆ ಅಂತ ಫ್ಲಾಶ್‌ಗೆ ತೆಳು ಕಿತ್ತಳೆ ಹಾಳೆ ಅಂಟಿಸಿದರು, ಎರಡೂ ಬೆಳಕು ಒಂದೇ ಬಣ್ಣಕ್ಕೆ ಬರಲಿ ಅಂತ. ಇದೂ ಲೈಟಿಂಗ್ ಟೆಕ್ನಿಕ್ಕೇ ಅಲ್ವಾ? ಅವರ ಫೋಟೋಗಳಲ್ಲಿ ಅಮ್ಮನ ಸೀರೆಯ ಬಣ್ಣ ಅಮ್ಮನ ಸೀರೆಯದ್ದೇ.

ಈಗ ನೀವು ಮಾಡಬೇಕಾದ್ದು. ಸ್ಯಾಂಪಲ್ ಕೇಳುವಾಗ ಮಂಟಪದ ಒಳಗೆ ತೆಗೆದ ಒಂದೇ ಮದುವೆಯ ಪೂರ್ತಿ ಆಲ್ಬಂ ಕೇಳಿ, ರೀಲ್ಸ್ ನೋಡಿ ಒಪ್ಪಬೇಡಿ. ಅಗ್ರಿಮೆಂಟ್‌ನಲ್ಲಿ ಯಾರು ಬರುತ್ತಾರೆ ಅಂತ ಹೆಸರು ಬರೆಸಿ. ಮುಹೂರ್ತದಿಂದ ಧಾರೆ ಮುಗಿಯುವವರೆಗೆ ಮುಖದ ಮೇಲೆ ಬಿಳಿ ಬೆಳಕೇ ಇರಬೇಕು, ಬಣ್ಣದ ಲೈಟ್ ಬೇಕಿದ್ದರೆ ಹಿಂದಿನ ಪರದೆಗೆ ಮಾತ್ರ ಅಂತ ಬರೆಸಿ, ಅದೇ ಮಾತನ್ನು ಡೆಕೋರೇಷನ್‌ನವರ ಚೀಟಿಯಲ್ಲೂ ಬರೆಸಿ. ರಾ ಮತ್ತು ಜೆಪೆಗ್ ಎರಡೂ ತೆಗೆಯಬೇಕು, ಪ್ರಿಸೆಟ್ ಇಲ್ಲದ ಸಾದಾ ಪ್ರತಿ ಒಂದು ಬೇಕೇ ಬೇಕು, ಕೇಳದೆ ಮೈಬಣ್ಣ ಬದಲಾಯಿಸುವಂತಿಲ್ಲ, ಮಚ್ಚೆ ಹಚ್ಚೆ ಅಳಿಸುವಂತಿಲ್ಲ. ಕೊನೆಯ ಕಂತಿನ ದುಡ್ಡು ಆಲ್ಬಂ ಪ್ರಿಂಟ್‌ಗೆ ಹೋಗುವ ಮೊದಲು ಡಿಸೈನ್ ನೋಡಿ ಒಪ್ಪಿದ ಮೇಲೆ. ಚಪ್ಪರದ ದಿನ ಸಂಜೆ ಸ್ಟೇಜ್ ಲೈಟ್ ಹಾಕಿಸಿ, ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಲ್ಲಿ. ಯಾವುದು ಅರಿಶಿನ ಯಾವುದು ಕುಂಕುಮ ಅಂತ ನಿಮ್ಮ ಕಣ್ಣಿಗೇ ಗೊತ್ತಾಗದಿದ್ದರೆ ಕ್ಯಾಮೆರಾಗೂ ಗೊತ್ತಾಗುವುದಿಲ್ಲ, ಅಲ್ಲೇ ಲೈಟ್ ಬದಲಾಯಿಸಿ. ಮನೆಯ ಒಬ್ಬರಿಗೆ, ಗಟ್ಟಿಯಾಗಿ ಮಾತಾಡುವವರಿಗೆ, ಬರೀ ಈ ಲೈಟಿನ ಜವಾಬ್ದಾರಿ ಕೊಡಿ.

ಕಾನೂನಿನ ಕಡೆಯಿಂದ ಎರಡು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ನೀವು ತೆಗೆಸಿದ ಫೋಟೋದ ಹಕ್ಕು ನಿಮ್ಮದೇ, ಬೇರೆ ಥರ ಒಪ್ಪಂದ ಆಗಿಲ್ಲದಿದ್ದರೆ. ಅದಕ್ಕೇ ಅವರು ಕೊಡುವ ಅಚ್ಚಾದ ಫಾರಂ ಸಹಿ ಹಾಕುವ ಮೊದಲು ಓದಿ. ಹೇಳಿದ ಕೆಲಸ ಮಾಡಿಲ್ಲ ಅಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, 2 ವರ್ಷದ ಒಳಗೆ ಕೊಡಬೇಕು, ನೀವು ಇರುವ ಜಿಲ್ಲೆಯಲ್ಲೇ ಕೊಡಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಮಾತಾಡಬಹುದು, ನಾವೂ ಅಲ್ಲಿಂದಲೇ ಶುರು ಮಾಡಿದ್ದು. ಪ್ಯಾಕೇಜ್‌ನ ಚೀಟಿ, ವಾಟ್ಸಾಪ್ ಮಾತು, ಹಣ ಕಳಿಸಿದ ರಸೀದಿ ಯಾವುದನ್ನೂ ಅಳಿಸಬೇಡಿ.

ಮದುವೆ ಆಗಲೇ ಮುಗಿದು ಆಲ್ಬಂಗೆ ಕಾಯುತ್ತಿರುವವರು ಇವತ್ತೇ ಸ್ಟುಡಿಯೋಗೆ ಒಂದು ಹಾರ್ಡ್ ಡಿಸ್ಕ್ ತೆಗೆದುಕೊಂಡು ಹೋಗಿ, ಇರುವ ಮೂಲ ಫೈಲ್‌ಗಳನ್ನೆಲ್ಲ ಕಾಪಿ ಮಾಡಿಸಿಕೊಳ್ಳಿ. ಸೀಸನ್ ಬಂದರೆ ಜಾಗಕ್ಕಾಗಿ ಹಳೇ ಮದುವೆಗಳನ್ನು ಡಿಲೀಟ್ ಮಾಡುತ್ತಾರೆ. ನೆಂಟರ ಮೊಬೈಲಿನಲ್ಲಿ ಇರುವ ಧಾರೆಯ ಫೋಟೋಗಳನ್ನೂ ಈಗಲೇ ಕೇಳಿ ತರಿಸಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ.