ಆರ್‌ಪಿಜಿಯಲ್ಲಿ ಎರರ್ ಹಿಡಿಯುವ ನಾಲ್ಕು ದಾರಿ: ಒಂದೇ ಪ್ರೋಗ್ರಾಂ ಮೇಲೆ ನಾನು ಮಾಡಿ ನೋಡಿದ್ದು

ಬೆಂಗಳೂರಿನಲ್ಲಿ ಕೂತು ಎಎಸ್/400 (ಐಬಿಎಂನ ವ್ಯಾಪಾರಿ ಕಂಪ್ಯೂಟರ್; ಆರ್‌ಪಿಜಿ ಅದರ ಪ್ರೋಗ್ರಾಂ ಭಾಷೆ) ಸಪೋರ್ಟ್ ಮಾಡುವವರಿಗೆ ರಾತ್ರಿ ಬರುವ ಫೋನ್ ಜಾಸ್ತಿ ಒಂದೇ ವಿಷಯಕ್ಕೆ. ಜಾಬ್ ‘ಎಂಎಸ್‌ಜಿಡಬ್ಲ್ಯೂ’ನಲ್ಲಿ ನಿಂತಿದೆ. ಅಂದರೆ ಎರರ್ ಬಂದಿದೆ, ಮುಂದೇನು ಎಂದು ಕೇಳಿ ಪ್ರೋಗ್ರಾಂ ಉತ್ತರಕ್ಕೆ ಕಾಯುತ್ತಿದೆ. ಅದು ನಿದ್ದೆ ಕೆಡಿಸುತ್ತದೆ, ನಿಜ. ಆದರೆ ನಿಂತ ಜಾಬ್‌ಗಿಂತ ನಿಲ್ಲದೆ ಓಡಿದ ಜಾಬ್ ನನ್ನನ್ನು ಹೆಚ್ಚು ಕಾಡಿದೆ. ಅದಕ್ಕೇ ಒಂದು ಆರ್ಡರ್ ಪ್ರೋಗ್ರಾಂ ತೆಗೆದುಕೊಂಡು, ನಾಲ್ಕು ಪ್ರತಿ ಮಾಡಿ, ಒಂದೊಂದರಲ್ಲಿ ಒಂದೊಂದು ರೀತಿ ಎರರ್ ಹಿಡಿದು ನೋಡಿದೆ.

ಬೇಕೆಂದೇ ಎರಡು ತೊಂದರೆ ಇಟ್ಟೆ. ಒಂದು, ಇನ್ನೊಂದು ಸೆಷನ್‌ನಿಂದ ಒಂದು ಐಟಂ ರೆಕಾರ್ಡನ್ನು ಲಾಕ್ ಮಾಡಿಟ್ಟೆ. ಲಾಕ್ ಬಿಡಲಿ ಎಂದು ಸಾಮಾನ್ಯವಾಗಿ ಸಿಸ್ಟಂ 60 ಸೆಕೆಂಡ್ ಕಾಯುತ್ತದೆ. ಟೆಸ್ಟ್‌ಗೆ ಅಷ್ಟು ಹೊತ್ತು ಬೇಡ ಎಂದು ಓವಿಆರ್‌ಡಿಬಿಎಫ್ (ಫೈಲ್‌ನ ಸೆಟ್ಟಿಂಗ್ ತಾತ್ಕಾಲಿಕವಾಗಿ ಬದಲಿಸುವ ಕಮಾಂಡ್) ಕೊಟ್ಟು 5ಕ್ಕೆ ಇಳಿಸಿದೆ. ಇನ್ನೊಂದು, ಹೊರಗಿನಿಂದ ಬರುವ ಫೈಲ್‌ನ ಪ್ರಮಾಣದ ಜಾಗದಲ್ಲಿ ‘12’ ಬದಲು ‘1ಎಲ್’ ಎಂದು ಅಕ್ಷರ ಸೇರಿಸಿದೆ.

ಮೊದಲು ಹಳೆಯ ಇಂಡಿಕೇಟರ್, ಅಂದರೆ ಸಂಖ್ಯೆಯಿಂದ ಗುರುತಿಸುವ ಆನ್-ಆಫ್ ಸ್ವಿಚ್. ಚೈನ್ (ಕೀ ಕೊಟ್ಟು ಒಂದು ರೆಕಾರ್ಡ್ ಓದುವ ಆದೇಶ) ಸಾಲಿನ 73-74ನೇ ಕಾಲಂನಲ್ಲಿ 99 ಎಂದು ಬರೆದರೆ ಸಾಕು, ಎರರ್ ಬಂದಾಗ 99 ಆನ್ ಆಗುತ್ತದೆ, ಜಾಬ್ ನಿಲ್ಲುವುದಿಲ್ಲ. ಮೂಲ ಪ್ರೋಗ್ರಾಂನಲ್ಲಿ ಹೀಗೇ ಇತ್ತು. ಆದರೆ 99 ಆನ್ ಆಗಿದೆಯಾ ಎಂದು ಕೆಳಗೆ ಎಲ್ಲೂ ಕೇಳಿರಲಿಲ್ಲ. ಲಾಕ್ ಆದ ಐಟಂ ಓದಲು ಆಗಲಿಲ್ಲ, ಫೀಲ್ಡ್‌ಗಳಲ್ಲಿ ಹಿಂದಿನ ಐಟಂನ ಹೆಸರು ಮತ್ತು ಬೆಲೆ ಹಾಗೇ ಉಳಿದವು. ಬಿಲ್‌ನಲ್ಲಿ ಮೂರನೇ ಸಾಲು ಎರಡನೇ ಸಾಲಿನ ಬೆಲೆಯಲ್ಲೇ ಬಂತು. ಯಾವ ಮೆಸೇಜೂ ಇಲ್ಲ, ಜಾಬ್ ಲಾಗ್ ನೋಡುವ ಕಾರಣವೂ ಇಲ್ಲ. ಇದೇ ತಪ್ಪು ಹಿಂದೊಮ್ಮೆ ನಿಜವಾದ ಬಿಲ್‌ನಲ್ಲಿ ಆಗಿ, ಹುಡುಕಲು ನಮಗೆ ಮೂರು ದಿನ ಹಿಡಿದಿತ್ತು. ಹಸಿರು ಪರದೆಯ ಎಸ್‌ಇಯು ಎಡಿಟರ್‌ನಲ್ಲಿ ಆ ಕಾಲಂಗಳು ಬಲತುದಿಯಲ್ಲಿ ಮರೆಯಾಗಿರುತ್ತವೆ. ಪರದೆ ಸರಿಸಿದರೆ ಮಾತ್ರ ಕಾಣುತ್ತವೆ. ಕಣ್ಣಿಗೆ ಬೀಳದ ಜಾಗದಲ್ಲಿ ಇಷ್ಟು ದೊಡ್ಡ ನಿರ್ಧಾರ ಇರಬಾರದು ಅಲ್ವಾ?

ಎರಡನೆಯದು ಚೈನ್ ಪಕ್ಕದಲ್ಲಿ ಬರೆಯುವ (ಇ), ಅಂದರೆ ಎರರ್ ಬಂದರೆ ಪ್ರೋಗ್ರಾಂ ತಾನೇ ನೋಡಿಕೊಳ್ಳುತ್ತದೆ ಎಂಬ ಗುರುತು. ಅದರ ಮುಂದಿನ ಸಾಲಿನಲ್ಲೇ ‘%ಎರರ್ ಇದ್ದರೆ’, ಒಳಗೆ ‘%ಸ್ಟೇಟಸ್ 1218 ಆದರೆ’. 1218 ಎಂದರೆ ರೆಕಾರ್ಡ್ ಬೇರೆಯವರ ಬಳಿ ಲಾಕ್ ಆಗಿದೆ. ಆ ಆರ್ಡರ್ ಸಾಲನ್ನು ಪಕ್ಕಕ್ಕಿಟ್ಟು ಮುಂದಕ್ಕೆ ಹೋಗಿ, ಕೊನೆಯಲ್ಲಿ ಮತ್ತೆ ಪ್ರಯತ್ನಿಸುವ ಹಾಗೆ ಬರೆದೆ. ಓದುವವನಿಗೆ ಎಲ್ಲವೂ ಒಂದೇ ಕಡೆ ಕಾಣುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ. ಒಂದು ಎಚ್ಚರ ಬೇಕು. %ಎರರ್ ಹೇಳುವುದು ಕೊನೆಯದಾಗಿ (ಇ) ಹಾಕಿದ ಸಾಲಿನ ಕತೆ. ನಡುವೆ ಒಂದು ಸಾಲಿಗೆ (ಇ) ಹಾಕುವುದು ಮರೆತು %ಎರರ್ ಕೇಳಿದರೆ ಹಳೆಯ ಉತ್ತರವೇ ಬರುತ್ತದೆ.

ಆದರೆ ‘1ಎಲ್’ ಬಂದಾಗ (ಇ) ಕೈಕೊಟ್ಟಿತು. %ಡೆಕ್ ಬಳಸಿ ಅಕ್ಷರವನ್ನು ಸಂಖ್ಯೆ ಮಾಡುವ ಸಾಲು ಇವಾಲ್, ಅಂದರೆ ಲೆಕ್ಕದ ಉತ್ತರವನ್ನು ಫೀಲ್ಡ್‌ಗೆ ಹಾಕುವ ಆದೇಶ. ಇವಾಲ್‌ಗೆ (ಇ) ಹಾಕಲು ಬರುವುದಿಲ್ಲ, ಎರರ್ ಇಂಡಿಕೇಟರೂ ಇಲ್ಲ. ಅಲ್ಲಿ ಬೇಕಾಗಿದ್ದು 2001ರ ವಿ5ಆರ್1 ಆವೃತ್ತಿಯ ಜೊತೆ ಬಂದ ಮಾನಿಟರ್, ಅಂದರೆ ತನ್ನೊಳಗಿನ ಸಾಲುಗಳ ಎರರ್ ಹಿಡಿಯುವ ಕಟ್ಟು. ಆ ಒಂದೇ ಸಾಲಿನ ಸುತ್ತ ಮಾನಿಟರ್, ಕೆಳಗೆ ‘ಆನ್-ಎರರ್ 105’ (105 ಎಂದರೆ ಸಂಖ್ಯೆ ಮಾಡಲಾಗದ ಅಕ್ಷರ ಬಂದಿದೆ), ಆಮೇಲೆ ಮುಗಿಸುವ ಎಂಡ್‌ಮಾನ್. ಕೆಟ್ಟ ಸಾಲು ರಿಜೆಕ್ಟ್ ಫೈಲ್‌ಗೆ ಹೋಯಿತು, ಉಳಿದ ಆರ್ಡರ್ ಸರಿಯಾಗಿ ನಡೆಯಿತು.

ಮಾನಿಟರ್ ಇಷ್ಟ ಎಂದು ಇಡೀ ಲೂಪ್‌ಗೆ ಸುತ್ತಿದವರನ್ನೂ ನೋಡಿದ್ದೇನೆ. ನಾನೂ ಮೂರನೇ ಪ್ರತಿಯಲ್ಲಿ ಹಾಗೆ ಮಾಡಿ ನೋಡಿದೆ. 200 ಸಾಲಿನ ಸುತ್ತ ಒಂದು ಮಾನಿಟರ್, ಕೆಳಗೆ ಸುಮ್ನೆ ಒಂದು ಖಾಲಿ ಆನ್-ಎರರ್. ಫಲಿತಾಂಶ ಹಳೆಯ 99ರ ಹಾಗೇ ಆಯಿತು, ಬರವಣಿಗೆ ಮಾತ್ರ ಹೊಸದು. ಇನ್ನೊಂದು ಗಮನಿಸಿ: ಮಾನಿಟರ್ ಒಳಗಿಂದ ಎಕ್ಸ್‌ಎಸ್‌ಆರ್ ಮಾಡಿ, ಅದೇ ಪ್ರೋಗ್ರಾಂನಲ್ಲಿ ಬೇರೆ ಕಡೆ ಬರೆದಿಟ್ಟ ಸಬ್‌ರೂಟೀನ್‌ಗೆ ಹೋದರೆ, ಅಲ್ಲಿನ ಎರರ್ ಈ ಮಾನಿಟರ್‌ಗೆ ಸಿಗುವುದಿಲ್ಲ. ಹಳೆಯ ಪ್ರೋಗ್ರಾಂಗಳ ತುಂಬಾ ಸಬ್‌ರೂಟೀನ್‌ಗಳೇ ಇರುವುದರಿಂದ ಇದು ಸಣ್ಣ ವಿಷಯವಲ್ಲ.

ನಾಲ್ಕನೆಯದು *ಪಿಎಸ್‌ಎಸ್‌ಆರ್, ಎರರ್‌ಗೆಂದೇ ಇರುವ ಸಬ್‌ರೂಟೀನ್. ಬೇರೆ ಯಾರೂ ಹಿಡಿಯದ ಪ್ರೋಗ್ರಾಂ ಎರರ್ ಇಲ್ಲಿಗೆ ಬರುತ್ತದೆ. ಫೈಲ್ ಎರರ್ ಬರಬೇಕಾದರೆ ಆ ಫೈಲ್‌ನ ಇನ್‌ಎಫ್‌ಎಸ್‌ಆರ್‌ನಲ್ಲಿ (ಫೈಲ್ ಎರರ್ ಬಂದರೆ ಯಾವ ಸಬ್‌ರೂಟೀನ್ ಎಂದು ಹೇಳುವ ಜಾಗ) ಇದರ ಹೆಸರು ಕೊಟ್ಟಿರಬೇಕು. ನಾನು ಕೊಡದೆ ಬಿಟ್ಟ ಮೊದಲ ಸಲ ಲಾಕ್ ಬಂದು ಜಾಬ್ ಎಂಎಸ್‌ಜಿಡಬ್ಲ್ಯೂಗೇ ಹೋಯಿತು. ಯಾವ ಸಾಲು, ಯಾವ ಸ್ಟೇಟಸ್ ಎಂದು ಬರೆದಿಟ್ಟು ಗೌರವವಾಗಿ ನಿಲ್ಲಲು ಇದು ಒಳ್ಳೆಯದು. ಬಿಟ್ಟ ಸಾಲಿನಿಂದ ಮುಂದುವರಿಯಲು ಇದನ್ನು ನಂಬಬೇಡಿ.

ಬರೆಯುವ ಶೈಲಿಯ ವಿಷಯ ಚಿಕ್ಕದು. (ಇ), ಮಾನಿಟರ್ ಎರಡೂ ಕಾಲಂ ಲೆಕ್ಕದ ಹಳೆಯ ರೂಪದಲ್ಲೂ ನಡೆಯುತ್ತವೆ. ಆದರೂ 2015ರಲ್ಲಿ ಬಂದ, ಕಾಲಂ ಲೆಕ್ಕವೇ ಇಲ್ಲದ ಪೂರ್ತಿ ಫ್ರೀ ರೂಪದಲ್ಲಿ ಬರೆದ ಪ್ರತಿಯನ್ನು ತಂಡದ ಹೊಸ ಹುಡುಗಿ ಒಂದೇ ಓದಿಗೆ ಅರ್ಥ ಮಾಡಿಕೊಂಡಳು. ಮೂಲ ಪ್ರತಿಗೆ ಅವಳ ಪಕ್ಕ ನಾನು ಕೂರಬೇಕಾಯಿತು.

ಈಗ ನಮ್ಮಲ್ಲಿ ಫೈಲ್ ಸಾಲಿಗೆ (ಇ), ಲೆಕ್ಕ ಮತ್ತು ಪರಿವರ್ತನೆಯ ಸಾಲಿಗೆ ಚಿಕ್ಕ ಮಾನಿಟರ್, ಎಲ್ಲಕ್ಕೂ ಕೆಳಗೆ ಒಂದು *ಪಿಎಸ್‌ಎಸ್‌ಆರ್. ಮೂಲ ಪ್ರೋಗ್ರಾಂನಲ್ಲಿ 99 ಇನ್ನೂ 11 ಕಡೆ ಇದೆ. ಯಾವುದಾದರೂ ಕೆಲಸಕ್ಕೆ ಆ ಸಾಲು ಮುಟ್ಟಿದಾಗ ಮಾತ್ರ ತೆಗೆಯುತ್ತೇನೆ, ತೆಗೆದ ದಿನ ಲಾಕ್ ಟೆಸ್ಟ್ ಮತ್ತೆ ಓಡಿಸುತ್ತೇನೆ.