ಐನ್ಯಾಚುರಲಿಸ್ಟ್, ಇ-ಬರ್ಡ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್: ಮುಂಬಯಿಯ ನಮ್ಮ ಗುಂಪು ನಡೆಸಿದ ಒಂದು ವರ್ಷದ ಹೋಲಿಕೆ

ಮುಂಬಯಿಯಲ್ಲಿ ನೆಲೆಸಿರುವ ನಾವು ಹದಿನೆಂಟು ಮಂದಿ ಕನ್ನಡಿಗರು ಸುಮಾರು ಹತ್ತು ವರ್ಷಗಳಿಂದ ರವಿವಾರದ ಬೆಳಿಗ್ಗೆ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಮಾಹಿಮ್‌ನ ಮಹಾರಾಷ್ಟ್ರ ನೇಚರ್ ಪಾರ್ಕ್, ಭಾಂಡುಪಿನ ಪಂಪಿಂಗ್ ಸ್ಟೇಷನ್ ಮುಂತಾದ ಕಡೆ ತಿರುಗಾಡುತ್ತಾ, ಕಂಡ ಹಕ್ಕಿ, ಚಿಟ್ಟೆ, ಗಿಡಗಳ ಚಿತ್ರಗಳನ್ನು ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾ ಬಂದಿದ್ದೇವೆ. 2024ರ ಮಳೆಗಾಲ ಮುಗಿಯುತ್ತಾ ಬಂದಾಗ ಉದ್ಯಾನದ ಗುಡ್ಡಗಳಲ್ಲಿ ಕಾರ್ವಿ ಅರಳಿತು. ನಮ್ಮ ಘಟ್ಟದ ಕಡೆ ಗುರಿಗೆ ಎಂದು ಕರೆಯುವ ಗಿಡಗಳ ಬಳಗಕ್ಕೇ ಸೇರಿದ ಇದು ಎಂಟು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಹಿಂದಿನ ಸಲ, ಅಂದರೆ 2016ರಲ್ಲಿ, ಯಾವ ದಾರಿಯಲ್ಲಿ ಯಾವ ವಾರ ಮೊದಲ ಹೂ ಕಂಡಿದ್ದೆವು ಎಂದು ಹೋಲಿಸಿ ನೋಡೋಣವೆಂದು ಹಳೆಯ ಚಿತ್ರಗಳನ್ನು ತೆಗೆದೆವು. ಚಿತ್ರಗಳೇನೋ ನೂರಕ್ಕೂ ಹೆಚ್ಚು ಇದ್ದವು. ಆದರೆ ಯಾವುದಕ್ಕೂ ತೆಗೆದ ದಿನವಿಲ್ಲ, ಸ್ಥಳವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಚಿತ್ರ ಕುಗ್ಗುವುದಷ್ಟೇ ಅಲ್ಲ, ಕ್ಯಾಮೆರಾ ಅದರೊಳಗೆ ಬರೆದಿಟ್ಟ ದಿನಾಂಕ ಮತ್ತು ಸ್ಥಳದ ಮಾಹಿತಿಯೂ ಕಳಚಿಹೋಗುತ್ತದೆ. ಮಾತುಕತೆಗಾಗಿ ಇರುವ ಒಂದು ಸಾಧನವನ್ನು ದಾಖಲೆಯ ಕಪಾಟೆಂದು ನಂಬಿದ್ದು ನಮ್ಮದೇ ತಪ್ಪು.

ಆ ಪೆಟ್ಟಿನಿಂದಾಗಿ ನಮ್ಮ ಚಟುವಟಿಕೆಯನ್ನು ಸುಧಾರಿಸುವ ಯೋಜನೆಯೊಂದನ್ನು ಹಾಕಿಕೊಂಡೆವು. ಕಂಡ ಜೀವಿಗಳನ್ನು ದಾಖಲಿಸುವ ಯಾವ ಜಾಲತಾಣದಲ್ಲಿ ನೆಲೆ ನಿಲ್ಲಬೇಕೆಂದು ಪರೀಕ್ಷಿಸುವ ಕೆಲಸ ನನಗೂ ಇನ್ನಿಬ್ಬರಿಗೂ ಬಿತ್ತು. 2024ರ ಅಕ್ಟೋಬರ್‌ನಿಂದ ಒಂದು ವರ್ಷ ಐನ್ಯಾಚುರಲಿಸ್ಟ್, ಇ-ಬರ್ಡ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಮೂರು ತಾಣಗಳನ್ನು ಒಟ್ಟೊಟ್ಟಿಗೇ ಬಳಸಿದೆವು. ಆ್ಯಪ್ ಎಷ್ಟು ಚೆನ್ನಾಗಿ ಕಾಣುತ್ತದೆ, ಎಷ್ಟು ಬೇಗ ತೆರೆಯುತ್ತದೆ ಎಂಬುದನ್ನು ನಾವು ಅಳತೆಗೋಲಾಗಿ ಇಟ್ಟುಕೊಳ್ಳಲಿಲ್ಲ. ನಮಗೆ ಗೊತ್ತಿಲ್ಲದ ಜೀವಿಯ ಗುರುತನ್ನು ಯಾರು ಹೇಳುತ್ತಾರೆ, ಹೇಳಿದ್ದು ತಪ್ಪಾದರೆ ಅದು ಹೇಗೆ ತಿದ್ದಿಕೊಳ್ಳುತ್ತದೆ ಎಂಬುದೇ ನಮ್ಮ ಮುಖ್ಯ ಪ್ರಶ್ನೆಯಾಗಿತ್ತು.

ಐನ್ಯಾಚುರಲಿಸ್ಟ್ 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿ, 2023ರಲ್ಲಿ ಸ್ವತಂತ್ರ ಲಾಭರಹಿತ ಸಂಸ್ಥೆಯಾಯಿತು. ಹುಲ್ಲಿನಿಂದ ಹುಲಿಯವರೆಗೆ, ಅಣಬೆಯಿಂದ ಸಮುದ್ರದ ಗೊಂಡೆಹುಳದವರೆಗೆ ಯಾವ ಜೀವಿಯಾದರೂ ಇಲ್ಲಿ ಸಲ್ಲುತ್ತದೆ. ಚಿತ್ರ ಏರಿಸಿದ ಕೂಡಲೇ ಯಂತ್ರವೇ ನಾಲ್ಕಾರು ಹೆಸರುಗಳನ್ನು ಸೂಚಿಸುತ್ತದೆ. ಆಮೇಲೆ ಜಗತ್ತಿನ ಯಾವ ಮೂಲೆಯವರಾದರೂ ತಮ್ಮ ಗುರುತನ್ನು ಸೇರಿಸಬಹುದು. ದಿನಾಂಕ, ಸ್ಥಳ, ಚಿತ್ರ ಅಥವಾ ಧ್ವನಿಯ ಪುರಾವೆ ಇದ್ದು, ಜೀವಿ ತಾನಾಗಿಯೇ ಬೆಳೆದದ್ದಾಗಿದ್ದು, ಗುರುತು ಹೇಳಿದವರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಮಂದಿ ಒಂದೇ ಪ್ರಭೇದಕ್ಕೆ ಒಪ್ಪಿದರೆ ಅದು 'ರಿಸರ್ಚ್ ಗ್ರೇಡ್' ಆಗುತ್ತದೆ. ಪರವಾನಗಿ ಸರಿಯಿದ್ದರೆ ಅಲ್ಲಿಂದ ಮುಂದೆ ಅದು ಕೋಪನ್‌ಹೇಗನ್ನಿನಲ್ಲಿ ಕಚೇರಿಯಿರುವ ಜಿಬಿಐಎಫ್ ಎಂಬ ಜೀವವೈವಿಧ್ಯ ಮಾಹಿತಿಯ ಜಾಗತಿಕ ಭಂಡಾರಕ್ಕೂ ಹೋಗಿ ಸಂಶೋಧಕರ ಕೈಗೆ ಸಿಗುತ್ತದೆ.

ಈ ಮೂರನೆಯ ಎರಡರ ಲೆಕ್ಕದಲ್ಲಿ ನಾವು ಹೇಗೆ ಮುಗ್ಗರಿಸಿದೆವು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನವೆಂಬರ್‌ನಲ್ಲಿ ನೇಚರ್ ಪಾರ್ಕಿನಲ್ಲಿ ನಮ್ಮ ಗುಂಪಿನ ಶಿಕ್ಷಕಿಯೊಬ್ಬರು ಕಿತ್ತಳೆ ಬಣ್ಣದ, ಮುಂದಿನ ರೆಕ್ಕೆಯ ತುದಿಯಲ್ಲಿ ಕಪ್ಪು ಬಿಳುಪಿನ ಪಟ್ಟೆಯಿದ್ದ ಚಿಟ್ಟೆಯೊಂದರ ಚಿತ್ರ ತೆಗೆದರು. ಯಂತ್ರದ ಸೂಚನೆಗಳಲ್ಲಿ ಬೇರೆ ಹೆಸರೂ ಇತ್ತಾದರೂ ಪರಿಚಿತವೆಂದು 'ಪ್ಲೇನ್ ಟೈಗರ್' ಎಂಬುದನ್ನೇ ಅವರು ಒತ್ತಿದರು. ಅವರನ್ನು ಹುರಿದುಂಬಿಸಲೆಂದು ನಾನೂ ಇನ್ನೊಬ್ಬರೂ ಚಿತ್ರವನ್ನು ಹಿಗ್ಗಿಸಿಯೂ ನೋಡದೆ ಒಪ್ಪಿಗೆಯ ಗುಂಡಿ ಒತ್ತಿದೆವು. ಅರ್ಧ ಗಂಟೆಯೊಳಗೆ ಅದು ರಿಸರ್ಚ್ ಗ್ರೇಡ್ ಆಗಿ ಕೂತಿತು. ಮೂರು ವಾರ ಕಳೆದ ಮೇಲೆ ಬೇರೆ ಊರಿನ ಅಪರಿಚಿತರೊಬ್ಬರು, ಹಿಂದಿನ ರೆಕ್ಕೆಯ ಚುಕ್ಕೆಗಳನ್ನು ದಯವಿಟ್ಟು ಎಣಿಸಿ ನೋಡಿ ಎಂದು ಬರೆದರು. ಪ್ಲೇನ್ ಟೈಗರಿಗೆ ಹಿಂದಿನ ರೆಕ್ಕೆಯ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ನಮ್ಮ ಚಿಟ್ಟೆಗೆ ಮೇಲಂಚಿನ ಹತ್ತಿರ ಒಂದೇ ಒಂದು ಚುಕ್ಕೆಯಿತ್ತು. ಅದು ಹಕ್ಕಿಗಳಿಗೆ ರುಚಿಸದ ಪ್ಲೇನ್ ಟೈಗರಿನ ವೇಷ ಹಾಕಿಕೊಂಡು ಬದುಕುವ ಡನೈಡ್ ಎಗ್‌ಫ್ಲೈ ಚಿಟ್ಟೆಯ ಹೆಣ್ಣು. ಇದರ ಗಂಡು ಕಪ್ಪು ರೆಕ್ಕೆಯ ಮೇಲೆ ಬಿಳಿಯ ಮಚ್ಚೆಗಳನ್ನು ಹೊತ್ತು, ಹೆಣ್ಣಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಓಡಾಡಿಕೊಂಡಿರುತ್ತದೆ.

ತಮಾಷೆಯೆಂದರೆ, ಸರಿಯಾದ ಗುರುತು ಬಂದ ಮೇಲೂ ದಾಖಲೆ ಬದಲಾಗಲಿಲ್ಲ. ನಾಲ್ವರಲ್ಲಿ ಮೂವರು ತಪ್ಪು ಹೆಸರಿನ ಪರವಾಗಿದ್ದೆವು; ನಾಲ್ಕರಲ್ಲಿ ಮೂರು ಎಂದರೆ ಮೂರರಲ್ಲಿ ಎರಡಕ್ಕಿಂತ ಹೆಚ್ಚೇ ಆಯಿತಲ್ಲ. ನಾವು ನಮ್ಮ ಒಪ್ಪಿಗೆಗಳನ್ನು ಹಿಂತೆಗೆದುಕೊಂಡ ಮೇಲೆಯೇ ಚಿಟ್ಟೆ ತನ್ನ ಹೆಸರು ಪಡೆಯಿತು. ಪರಸ್ಪರ ಬೆನ್ನು ತಟ್ಟುವ ಸಣ್ಣ ಗುಂಪುಗಳು ದೊಡ್ಡ ಸಮುದಾಯವೊಂದರಲ್ಲಿ ಎಂಥ ಕಸವನ್ನು ತುಂಬಬಲ್ಲವೆಂಬುದು ನನಗೆ ಆ ದಿನ ಮನವರಿಕೆಯಾಯಿತು. ಗುರುತಿಸಲು ಬಾರದ ಕಡೆ ಕುಲದ ಅಥವಾ ಕುಟುಂಬದ ಮಟ್ಟದಲ್ಲಿ ನಿಲ್ಲುವ ಅವಕಾಶವನ್ನು ಐನ್ಯಾಚುರಲಿಸ್ಟ್ ಕೊಡುತ್ತದೆ; ನಾವೇ ಅದನ್ನು ಅವಮಾನವೆಂದು ತಿಳಿದು ಬಳಸಿರಲಿಲ್ಲ.

ಇ-ಬರ್ಡ್‌ನ ಸ್ವಭಾವವೇ ಬೇರೆ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವೂ ನ್ಯಾಷನಲ್ ಆಡುಬಾನ್ ಸೊಸೈಟಿಯೂ 2002ರಲ್ಲಿ ಆರಂಭಿಸಿದ ಈ ತಾಣದಲ್ಲಿ ಹಕ್ಕಿಗಳಿಗೆ ಮಾತ್ರ ಜಾಗ. ಇಲ್ಲಿ ದಾಖಲಾಗುವ ಘಟಕ ಒಂದು ಹಕ್ಕಿಯಲ್ಲ, ಒಂದು ನಡಿಗೆ: ಎಷ್ಟು ಹೊತ್ತು, ಎಷ್ಟು ದೂರ, ಯಾವ ಯಾವ ಹಕ್ಕಿ, ಎಷ್ಟೆಷ್ಟು. ಚಿತ್ರ ಕಡ್ಡಾಯವಲ್ಲ. ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂದು ಕೊನೆಯಲ್ಲಿ ಕೇಳುತ್ತದೆ. ಹೌದು ಎಂದರೆ ಆ ಪಟ್ಟಿ ಸಂಪೂರ್ಣ ಪಟ್ಟಿಯಾಗುತ್ತದೆ, ಮತ್ತು ಅದರಲ್ಲಿ ಇಲ್ಲದ ಹಕ್ಕಿ ಆ ದಿನ ಅಲ್ಲಿ ನಮಗೆ ಕಾಣಲಿಲ್ಲ ಎಂಬುದೂ ಒಂದು ಮಾಹಿತಿಯಾಗುತ್ತದೆ. ಐನ್ಯಾಚುರಲಿಸ್ಟ್‌ನಲ್ಲಿ ಈ ಗುಣವಿಲ್ಲ. ಅಲ್ಲಿ ಗುಬ್ಬಿಯ ಚಿತ್ರವಿಲ್ಲವೆಂದರೆ ಗುಬ್ಬಿ ಇರಲಿಲ್ಲವೋ, ಯಾರೂ ಅದರ ಕಡೆ ಕ್ಯಾಮೆರಾ ತಿರುಗಿಸಲಿಲ್ಲವೋ ಹೇಳಲು ಬರುವುದಿಲ್ಲ. 942 ಪ್ರಭೇದಗಳ ಸ್ಥಿತಿಗತಿಯನ್ನು ತೂಗಿ ನೋಡಿದ 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ನಮ್ಮಂಥ ಸಾವಿರಾರು ಹವ್ಯಾಸಿಗಳ ಇ-ಬರ್ಡ್ ಪಟ್ಟಿಗಳನ್ನು ನೆಚ್ಚಿ ತಯಾರಾದದ್ದು.

ನಮ್ಮ ಗುಂಪಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಭಾಂಡುಪಿನಲ್ಲಿ ಎರಡು ಗಂಟೆ ನಡೆದು ಮೂವತ್ತಕ್ಕೂ ಮೇಲ್ಪಟ್ಟು ಪ್ರಭೇದಗಳ ಸಂಪೂರ್ಣ ಪಟ್ಟಿ ಸಿದ್ಧಪಡಿಸಿದರು. "ಕಾಗೆ ಎಷ್ಟು ಬರೆದಿರಿ, ಮಾರಾಯ್ರೆ?" ಎಂದು ಕೇಳಿದೆ. "ಕಾಗೆಯನ್ನೂ ಬರೆಯಬೇಕಾ?" ಎಂದರು. ಜೀವಮಾನವಿಡೀ ಪೈಸೆ ಪೈಸೆ ತಾಳೆ ನೋಡಿದ ಅವರಿಗೆ ಕಾಗೆ ಎಣಿಸುವುದರ ಅರ್ಥ ತಿಳಿದ ಮೇಲೆ ನಮ್ಮಲ್ಲಿ ಅವರಷ್ಟು ಚೊಕ್ಕವಾದ ಪಟ್ಟಿ ಬರೆಯುವವರು ಇನ್ನೊಬ್ಬರಿಲ್ಲ. ಠಾಣೆ ಖಾರಿ ಎಂಬ ಸಮುದ್ರದ ಹಿನ್ನೀರಿನ ರಾಜಹಂಸಗಳ ವಿಷಯದಲ್ಲೂ ಹೀಗೆಯೇ ಆಯಿತು. ವಾಟ್ಸ್‌ಆ್ಯಪ್‌ನಲ್ಲಿ 'ಸಾವಿರಾರು' ಎಂದು ಬರೆದು ತೃಪ್ತರಾಗುತ್ತಿದ್ದ ನಾವು, ಐವತ್ತು ಹಕ್ಕಿಗಳ ಒಂದು ತುಂಡು ಕಣ್ಣಳತೆಗೆ ಎಷ್ಟಿರುತ್ತದೆಂದು ನೋಡಿಕೊಂಡು, ಅಂಥ ತುಂಡುಗಳು ಎಷ್ಟಿವೆಯೆಂದು ಲೆಕ್ಕ ಹಾಕುವುದನ್ನು ಕಲಿತೆವು. ಒಂದು ಪ್ರದೇಶಕ್ಕೂ ತಿಂಗಳಿಗೂ ಅಸಹಜವೆನಿಸುವ ಸಂಖ್ಯೆಯನ್ನು ಬರೆದರೆ ಇ-ಬರ್ಡ್ ಅಲ್ಲೇ ವಿವರ ಕೇಳುತ್ತದೆ. ಬಳಿಕ ಆಯಾ ಪ್ರದೇಶದ ಸ್ವಯಂಸೇವಕ ಪರಿಶೀಲಕರು ಅದನ್ನು ನೋಡುತ್ತಾರೆ. ನನ್ನ ಒಂದು ಸಂಖ್ಯೆಗೆ ಹೀಗೆ ಪ್ರಶ್ನೆ ಬಂದಾಗ ಮೊದಲು ಸ್ವಲ್ಪ ಸಿಟ್ಟು ಬಂದದ್ದು ನಿಜ; ಉತ್ತರ ಬರೆಯಲು ಕುಳಿತಾಗ ಒಂದೇ ಹಿಂಡನ್ನು ಎರಡು ಸಲ ಎಣಿಸಿದ್ದು ತಿಳಿಯಿತು.

ಹಾಗೆಂದು ಇ-ಬರ್ಡ್ ಎಲ್ಲರಿಗೂ ಒಗ್ಗುವಂಥದ್ದಲ್ಲ. ಹಕ್ಕಿಯ ಗುರುತು ಮೊದಲೇ ತಿಳಿದವರಿಗೆ ಅದು ಹೇಳಿಮಾಡಿಸಿದ್ದು. ಇದು ಯಾವ ಹಕ್ಕಿ ಎಂದು ಕೇಳುವ ಹೊಸಬರಿಗೆ ಅಲ್ಲಿ ಕೇಳಲು ಜಾಗವಿಲ್ಲ. ನಮ್ಮಲ್ಲಿ ಗಿಡಗಳ ಹುಚ್ಚಿನವರೇ ಆರು ಮಂದಿ ಇದ್ದಾರೆ. ಅವರು ಎರಡನೆಯ ವಾರಕ್ಕೇ ಅದನ್ನು ಬಿಟ್ಟರು.

ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ 2008ರಿಂದ ನಡೆದುಬಂದಿರುವ ನಮ್ಮ ದೇಶದ್ದೇ ತಾಣ. ಅಲ್ಲಿನ ಪ್ರಭೇದ ಪುಟಗಳನ್ನು, ಅದರಲ್ಲೂ ಗಿಡಗಳ ವಿವರಣೆಯನ್ನೂ ಭಾರತೀಯ ಭಾಷೆಗಳ ಹೆಸರುಗಳನ್ನೂ ನಾವು ಓದಲು ಬಳಸಿದಷ್ಟು ಇನ್ನಾವುದನ್ನೂ ಬಳಸಲಿಲ್ಲ. ಆದರೆ ಮುಂಬಯಿಯ ಅವಲೋಕನಗಳನ್ನು ದಿನನಿತ್ಯ ಏರಿಸುವ ವಿಷಯದಲ್ಲಿ ನಮ್ಮ ಮೂವರ ಕೈಯೂ ಐನ್ಯಾಚುರಲಿಸ್ಟ್ ಕಡೆಗೇ ಹೋಗುತ್ತಿತ್ತು. ಹಾಜಿ ಅಲಿಯಂಥ ಕಡೆ ಇಳಿತದ ಹೊತ್ತಿಗೆ ಕಲ್ಲುಗಳ ಮೇಲೆ ನಡೆದು ಸಮುದ್ರಜೀವಿಗಳನ್ನು ತೋರಿಸುವ 'ಮರೈನ್ ಲೈಫ್ ಆಫ್ ಮುಂಬಯಿ' ಬಳಗ 2017ರಿಂದ ತನ್ನ ದಾಖಲೆಗಳನ್ನು ಅಲ್ಲಿ ಕೂಡಿಹಾಕಿದ್ದರಿಂದ, ಈ ನಗರದ ಏಡಿ, ಶಂಖಗಳ ಗುರುತು ಹಿಡಿಯಲು ಹೋಲಿಸುವ ಸಾಮಗ್ರಿ ಅಲ್ಲಿ ಸಿದ್ಧವಾಗಿ ಸಿಗುತ್ತದೆ.

ಸ್ಥಳವನ್ನು ಮರೆಮಾಡುವ ವಿಷಯ ನಮ್ಮ ಯೋಜನೆಯಲ್ಲಿ ಮೊದಲು ಇರಲೇ ಇಲ್ಲ. ನಾನು ಮುಲುಂಡಿನ ನಮ್ಮ ಮನೆಯ ಬಾಲ್ಕನಿಯಿಂದ ತೆಗೆದ ಪತಂಗಗಳನ್ನೆಲ್ಲ ಒಂದೇ ಬಿಂದುವಿನಲ್ಲಿ ಏರಿಸಿದ್ದೆ. ಯಾರಾದರೂ ನಕ್ಷೆ ಹಿಡಿದು ನೇರವಾಗಿ ಕರೆಗಂಟೆ ಒತ್ತಬಹುದಿತ್ತು. ಐನ್ಯಾಚುರಲಿಸ್ಟ್‌ನಲ್ಲಿ 'ಅಬ್‌ಸ್ಕ್ಯೂರ್ಡ್' ಎಂದು ಆರಿಸಿದರೆ ಅವಲೋಕನದ ಬಿಂದು 0.2 ಡಿಗ್ರಿ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಕಾಣುತ್ತದೆ. ಮುಂಬಯಿಯಲ್ಲಿ ಅದು ಉತ್ತರ ದಕ್ಷಿಣವಾಗಿ ಸುಮಾರು 22 ಕಿ.ಮೀ., ಅಂದರೆ ಹೆಚ್ಚುಕಡಿಮೆ ಬೊರಿವಲಿಯಿಂದ ಬಾಂದ್ರಾವರೆಗಿನ ದೂರ. ಅಪಾಯದಲ್ಲಿರುವ ಅನೇಕ ಪ್ರಭೇದಗಳಿಗೆ ಇದು ತಾನಾಗಿಯೇ ಅನ್ವಯಿಸುತ್ತದೆ. ಇ-ಬರ್ಡ್ ಕೂಡ ಸೂಕ್ಷ್ಮ ಪ್ರಭೇದಗಳ ಸ್ಥಳವನ್ನು ಮುಚ್ಚಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ನಮ್ಮವರೇ ದಾರಿ ಸಮೇತ ಬರೆದು ಹಾಕಿದ ಗೂಬೆಯ ಗೂಡಿನ ಬುಡದಲ್ಲಿ ಮುಂದಿನ ರವಿವಾರ ಹತ್ತಾರು ಕ್ಯಾಮೆರಾಗಳು ನಿಂತಿದ್ದವು.

ಕನ್ನಡ ಹೆಸರುಗಳ ಬಗೆಗೂ ಒಂದು ಮಾತು. ನಮ್ಮಲ್ಲಿ ಕೆಂಬೂತವೆಂದರೆ ಅರ್ಧ ಜನರಿಗೆ ಅರ್ಥವಾಗುತ್ತದೆ. ಕರಾವಳಿಯವರಿಗೆ ಅದು ಕುಪ್ಪುಳು. ಉದ್ಯಾನದ ಕಾವಲುಗಾರನಿಗೆ ಭಾರದ್ವಾಜ. ಐನ್ಯಾಚುರಲಿಸ್ಟ್‌ನಲ್ಲಿ ಕನ್ನಡದ ಹೆಸರುಗಳನ್ನು ಸೇರಿಸಬಹುದು, ಮತ್ತು ಒಂದೇ ಜೀವಿಗೆ ಹಲವು ಹೆಸರುಗಳು ಸಲ್ಲುತ್ತವೆ. ಆದರೆ ಉತ್ಸಾಹದಲ್ಲಿ ಇಂಗ್ಲಿಷ್ ಹೆಸರನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಿ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಯಾರ ಬಾಯಲ್ಲೂ ಇಲ್ಲದ ಹೆಸರು ಹುಡುಕಾಟದಲ್ಲಿ ಅಡ್ಡ ಬರುತ್ತದೆಯೇ ಹೊರತು ನೆರವಾಗುವುದಿಲ್ಲ. ಯಾವ ಊರಿನವರ ಬಾಯಿಂದ ಕೇಳಿದ್ದು ಎಂಬ ಟಿಪ್ಪಣಿಯೊಡನೆ ಒಂದು ಪಟ್ಟಿ ಮಾಡಿಕೊಂಡು, ಅದರಲ್ಲಿ ನಿಂತ ಹೆಸರುಗಳನ್ನು ಮಾತ್ರ ಸೇರಿಸುವುದೆಂದು ಗೊತ್ತುಮಾಡಿದ್ದೇವೆ.

2025ರ ಅಕ್ಟೋಬರ್‌ನಲ್ಲಿ ಮಾಟುಂಗಾದಲ್ಲಿ ಸೇರಿ ಮಾಡಿದ ತೀರ್ಮಾನ ಹೀಗಿದೆ. ಎಲ್ಲರ ನೆಲೆ ಐನ್ಯಾಚುರಲಿಸ್ಟ್. ಪ್ರತಿ ನಡಿಗೆಗೆ ಇಬ್ಬರು ಇ-ಬರ್ಡ್ ಪಟ್ಟಿ ಬರೆದು ಉಳಿದವರೊಡನೆ ಹಂಚಿಕೊಳ್ಳುವುದು. ವಾಟ್ಸ್‌ಆ್ಯಪ್ ಲೋಕಲ್ ರೈಲಿನ ಸಮಯಕ್ಕೂ ಇಡ್ಲಿಯ ಲೆಕ್ಕಕ್ಕೂ ಮಾತ್ರ. ಹೆಚ್ಚು ಚರ್ಚೆಯಾದದ್ದು ನಾನು ಮುಂದಿಟ್ಟ ಇನ್ನೊಂದು ಸೂಚನೆ: ತಿಂಗಳಲ್ಲಿ ಒಂದು ರವಿವಾರ ಎಲ್ಲೂ ಹೋಗದೆ ಕುಳಿತು, ಮುಂಬಯಿಯಲ್ಲಿ ಬೇರೆಯವರು ಏರಿಸಿ ಗುರುತಿಗಾಗಿ ಕಾಯುತ್ತಿರುವ ಅವಲೋಕನಗಳಿಗೆ ನಮಗೆ ತಿಳಿದಷ್ಟನ್ನು ಹೇಳುವುದು. ಚಿಟ್ಟೆಗೆ ಒಂದೆರಡು ದಿನಗಳಲ್ಲಿ ಗುರುತು ಸಿಗುತ್ತದೆ. ಮಳೆಗಾಲದ ಹುಲ್ಲು, ಜೇಡ, ನೊಣಗಳು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತವೆ. ಚಿತ್ರ ಏರಿಸುವವರಿಗೆ ಕೊರತೆಯಿಲ್ಲ, ಗುರುತು ಹೇಳುವವರಿಗೇ ಬರ. ನಡಿಗೆ ತಪ್ಪಿಸಿ ಮನೆಯೊಳಗೆ ಕೂರುವುದೇ ಎಂದು ಕೆಲವರು ಗೊಣಗಿದರು. ಆರು ತಿಂಗಳು ಮಾಡಿ ನೋಡೋಣವೆಂಬಲ್ಲಿಗೆ ಬಂದು ನಿಂತಿದೆ. ಇನ್ನೊಬ್ಬರು ಒಪ್ಪಿದ್ದಾರೆಂಬ ಕಾರಣಕ್ಕೆ ಒಪ್ಪಿಗೆ ಒತ್ತಬಾರದೆಂಬ ನಿಯಮಕ್ಕೆ ಮಾತ್ರ ಯಾರ ವಿರೋಧವೂ ಇರಲಿಲ್ಲ. ಚಿಟ್ಟೆಯ ನೆನಪು ಎಲ್ಲರಿಗೂ ಇತ್ತು.

ಸಭೆ ಮುಗಿದ ವಾರ ಗುಂಪಿನ ಹಿರಿಯರೊಬ್ಬರು ತಮ್ಮ ಹಳೆಯ ಕ್ಯಾಮೆರಾದ ಮೆಮೊರಿ ಕಾರ್ಡ್ ಒಂದನ್ನು ಪುಡಿಕೆ ಕಟ್ಟಿ ತಂದುಕೊಟ್ಟರು. ಅದರಲ್ಲಿ 2016ರ ಸೆಪ್ಟೆಂಬರ್ ತಿಂಗಳ ಇಪ್ಪತ್ತಮೂರು ಕಾರ್ವಿ ಚಿತ್ರಗಳು ದಿನಾಂಕ ಸಮೇತ ಉಳಿದಿದ್ದವು. ಆ ಕ್ಯಾಮೆರಾಕ್ಕೆ ಸ್ಥಳ ಗುರುತಿಸುವ ಶಕ್ತಿ ಇರಲಿಲ್ಲ. ಹಿನ್ನೆಲೆಯ ಬಂಡೆ ಮತ್ತು ಮೆಟ್ಟಿಲುಗಳನ್ನು ನೋಡಿ ಕಾನ್ಹೇರಿ ಗುಹೆಗಳ ಆಸುಪಾಸು ಎಂದು ಊಹಿಸಿ, ನಕ್ಷೆಯಲ್ಲಿ ನಿಖರತೆಯ ವೃತ್ತವನ್ನು 500 ಮೀಟರ್‌ಗೆ ಹಿಗ್ಗಿಸಿ ಏರಿಸಿದೆವು. ಒಂಬತ್ತಕ್ಕೆ ಗುರುತು ದೃಢವಾಗಿದೆ. ಉಳಿದವುಗಳಲ್ಲಿ ಎಲೆ ಸರಿಯಾಗಿ ಕಾಣುವುದಿಲ್ಲವೆಂದು ಯಾರೋ ಬರೆದಿದ್ದಾರೆ. ಅವರು ಹೇಳುವುದು ಸರಿಯೇ.