ನಾಲ್ಕು ಮಾವಿನ ಸೀಸನ್, ಒಂದು ಡ್ರೈಯರ್: ಸಕ್ಕರೆ ಹಾಕದೆ ಹಣ್ಣು ಒಣಗಿಸಿದ ಅನುಭವ

ಮೊದಲು ಮಷೀನಿನ ವಿವರ. ಗುಂಡಗಿನ ಪ್ಲಾಸ್ಟಿಕ್ ಫುಡ್ ಡ್ರೈಯರ್. ಒಂದರ ಮೇಲೊಂದು ಕೂರುವ ಐದು ಜಾಲರಿ ತಟ್ಟೆ. ಕೆಳಗೆ ಹೀಟರು, ಫ್ಯಾನು. 250 ವ್ಯಾಟ್. ಬಿಸಿಯನ್ನು 35ರಿಂದ 70 ಡಿಗ್ರಿವರೆಗೆ ಇಟ್ಟುಕೊಳ್ಳಲು ಒಂದು ತಿರುಗುಗುಂಡಿ. ಟೈಮರ್ ಇಲ್ಲ. 2022ರ ಏಪ್ರಿಲ್‌ನಲ್ಲಿ ಆನ್‌ಲೈನ್‌ನಲ್ಲಿ 5,400 ರೂಪಾಯಿ ಕೊಟ್ಟು ತರಿಸಿದ್ದು. ಕಂಪನಿ ಹೆಸರು ಬಿಟ್ಟಿದ್ದೇನೆ. ಇದೇ ಅಚ್ಚಿನ ಮಷೀನು ನಾಲ್ಕಾರು ಹೆಸರಿನಲ್ಲಿ ಸಿಗುತ್ತದೆ, ಮೇಲಿನ ಸ್ಟಿಕ್ಕರ್ ಮಾತ್ರ ಬೇರೆ.

ನಾವಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ. ಜೂನ್ ಬಂತೆಂದರೆ ಇಲ್ಲಿ ಹಣ್ಣಿಗೆ ಬರ ಇಲ್ಲ, ತಿನ್ನುವ ಬಾಯಿಗೆ ಬರ. ಯಾರದೋ ತೋಟದಿಂದ ಒಂದು ಕ್ರೇಟು ಬರುತ್ತದೆ. ಅದು ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮಂಚದ ಕೆಳಗೆ ಹುಲ್ಲು ಹಾಸಿ ಇಟ್ಟ ಹಣ್ಣೆಲ್ಲ ಒಂದೇ ದಿನ ಮಾಗಿಬಿಡುತ್ತದೆ. ಮೂರು ದಿನ ಸೀಕರಣೆ, ಆಮೇಲೆ ಹಸುವಿಗೆ.

ನಮ್ಮತ್ತೆ ಇದನ್ನು ಮಾಳಿಗೆ ಮೇಲೆ ಒಣಗಿಸುತ್ತಿದ್ದರು. ಪಂಚೆ ಬಟ್ಟೆಯ ಮೇಲೆ ರಸ ಸುರಿದು, ಒಣಗಿದ ಮೇಲೆ ಇನ್ನೊಂದು ಪದರ. ಆಂಧ್ರ ಇಲ್ಲೇ ಪಕ್ಕದಲ್ಲಿ ಇರುವುದರಿಂದ ನಮ್ಮ ಕಡೆ ಅದನ್ನು ತಾಂಡ್ರ ಅಂತಲೇ ಕರೆಯುತ್ತಾರೆ. ಕಷ್ಟ ಏನಪ್ಪಾ ಅಂದರೆ, ಬಿಸಿಲು ಚೆನ್ನಾಗಿರುವ ಏಪ್ರಿಲ್‌ನಲ್ಲಿ ಹಣ್ಣು ಇರಲ್ಲ. ಹಣ್ಣು ಸುರಿಯುವ ಜೂನ್‌ನಲ್ಲಿ ಮೋಡ. ನಾಲ್ಕನೇ ಪದರಕ್ಕೆ ಸರಿಯಾಗಿ ಮಳೆ ಬಂತೆಂದರೆ ಪಂಚೆ ಸಮೇತ ತಿಪ್ಪೆಗೆ. ಇರುವೆ, ಕೋತಿ, ರಸ್ತೆಯ ಧೂಳು ಬೇರೆ. ಮಷೀನು ತಗೊಂಡಿದ್ದು ಈ ಮೋಡದ ಕಾಟಕ್ಕೇ.

ಮೊದಲ ಸಲ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ನಗು. ಬೇಗ ಆಗಲಿ ಅಂತ 70 ಡಿಗ್ರಿಗೆ ಇಟ್ಟೆ. ಐದು ಗಂಟೆಗೇ ಹೋಳುಗಳು ಚರ್ಮದ ಹಾಗೆ ಗಟ್ಟಿಯಾದವು. ಆಯಿತು ಅಂದುಕೊಂಡು ಸ್ಟೀಲ್ ಡಬ್ಬಿಗೆ ತುಂಬಿದೆ. ಎಂಟು ದಿನಕ್ಕೆ ಮುಚ್ಚಳ ತೆಗೆದರೆ ಹುಳಿ ಹೆಂಡದ ವಾಸನೆ, ಅಂಚಿಗೆ ಬಿಳಿ ಬೂಷ್ಟು. ಒಂದು ಹೋಳು ಸೀಳಿ ನೋಡಿದೆ. ಹೊರಗೆ ಗಟ್ಟಿ, ನಡುವೆ ಹಸಿ ಹಸಿ. ಬಿಸಿ ಜಾಸ್ತಿಯಾದರೆ ಮೇಲಿನ ಪದರ ಬೇಗ ಬಿಗಿದುಕೊಂಡು ಒಳಗಿನ ನೀರಿಗೆ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಅಂದಿನಿಂದ 57–60 ಡಿಗ್ರಿ ದಾಟಿಲ್ಲ. ಅರ್ಧ ಸೆಂಟಿಮೀಟರ್ ದಪ್ಪದ ಮಾವಿನ ಹೋಳಿಗೆ ಹತ್ತರಿಂದ ಹನ್ನೆರಡು ಗಂಟೆ ಬೇಕು. ಮೋಡದ ದಿನ ಇನ್ನೂ ಒಂದೆರಡು ಗಂಟೆ.

ಕೆಳಗಿನ ತಟ್ಟೆ ಬೇಗ ಒಣಗುತ್ತದೆ, ಮೇಲಿನದು ಹಿಂದೆ ಬೀಳುತ್ತದೆ. ಫ್ಯಾನು ಕೆಳಗಿದ್ದರೆ ಇನ್ನೇನಾಗುತ್ತದೆ. ಎರಡೂವರೆ ಗಂಟೆಗೊಮ್ಮೆ ತಟ್ಟೆಗಳನ್ನು ಅದಲು ಬದಲು ಮಾಡಬೇಕು. ರಾತ್ರಿ ಹಾಕಿ ಮಲಗಿ, ಬೆಳಿಗ್ಗೆ ಎದ್ದು ತಿನ್ನಿ ಅಂತ ಜಾಹೀರಾತಿನಲ್ಲಿ ತೋರಿಸುತ್ತಾರಲ್ಲ, ಅದು ಸುಳ್ಳು. ನಾನು ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಸಂಜೆ ಆರೇಳಕ್ಕೆ ಮುಗಿಸುತ್ತೇನೆ. ಮಧ್ಯೆ ಕರೆಂಟ್ ಹೋದರೆ ಆ ದಿನದ ಹಣೆಬರಹ. ಒಂದು ಗಂಟೆಯೊಳಗೆ ಬಂದರೆ ಪರವಾಗಿಲ್ಲ. ಜಾಸ್ತಿ ಹೊತ್ತು ಹೋದರೆ ಅರ್ಧ ಒಣಗಿದ್ದನ್ನು ಫ್ರಿಜ್‌ನಲ್ಲಿಟ್ಟು ಕರೆಂಟ್ ಬಂದ ಮೇಲೆ ಮತ್ತೆ ಹಾಕುತ್ತೇನೆ.

ಆಗಿದೆಯಾ ಅಂತ ನೋಡುವುದು ಹೀಗೆ. ಒಂದು ಹೋಳು ತೆಗೆದು ಐದು ನಿಮಿಷ ಆರಲು ಬಿಡಿ. ಬಿಸಿಯಾಗಿದ್ದಾಗ ಎಲ್ಲವೂ ಮೆತ್ತಗೇ ಇರುತ್ತದೆ. ಆರಿದ ಮೇಲೆ ಎರಡಾಗಿ ಮಡಚಿ. ಮಡಚಬೇಕು, ಮುರಿಯಬಾರದು, ಅಂಟಬಾರದು. ಆಮೇಲೆ ಹರಿಯಿರಿ. ಹರಿದ ಅಂಚನ್ನು ಬೆರಳಿನಲ್ಲಿ ಒತ್ತಿದರೆ ಸಾಸಿವೆ ಕಾಳಿನಷ್ಟೂ ರಸ ಮೂಡಬಾರದು. ಮೂಡಿದರೆ ಮತ್ತೆ ತಟ್ಟೆಗೆ.

ಅಷ್ಟಾದರೂ ಕೆಲಸ ಮುಗಿಯಲ್ಲ. ಒಣಗಿದ ಹೋಳನ್ನು ಗಾಜಿನ ಜಾಡಿಗೆ ಸಡಿಲವಾಗಿ, ಮುಕ್ಕಾಲು ಭಾಗ ಮಾತ್ರ ತುಂಬಿ ಒಂದು ವಾರ ಇಡುತ್ತೇನೆ. ದಿನಕ್ಕೊಮ್ಮೆ ಅಲುಗಾಡಿಸುತ್ತೇನೆ. ಕೆಲವು ಹೋಳು ಜಾಸ್ತಿ ಒಣಗಿರುತ್ತವೆ, ಕೆಲವು ಕಡಿಮೆ. ವಾರದಲ್ಲಿ ಎಲ್ಲದರ ಹಸಿ ಒಂದು ಮಟ್ಟಕ್ಕೆ ಬರುತ್ತದೆ. ಗಾಜಿನ ಒಳಗೆ ಮಂಜು ಕಂಡರೆ ಇಡೀ ಜಾಡಿ ವಾಪಸ್ ಮಷೀನಿಗೆ. ಸ್ಟೀಲ್ ಡಬ್ಬಿಯಲ್ಲಿ ಆ ಮಂಜು ಕಾಣುವುದೇ ಇಲ್ಲ. ಮೊದಲ ಸಲ ನಾನು ಏಮಾರಿದ್ದು ಅಲ್ಲೂ ಹೌದು. ವಾರ ಆದ ಮೇಲೆ ಎರಡು ದಿನ ಫ್ರೀಜರ್‌ನಲ್ಲಿ ಇಡುತ್ತೇನೆ. ಹುಳುವಿನ ಮೊಟ್ಟೆ ಇದ್ದರೆ ಅಲ್ಲಿಗೆ ಸಾಯುತ್ತದೆ.

ಇನ್ನು ಸಕ್ಕರೆ ವಿಷಯ. ಅಂಗಡಿಯಲ್ಲಿ ಸಿಗುವ ಒಣ ಮಾವು, ಒಣ ಅನಾನಸ್ಸು ಬಹಳಷ್ಟು ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸಿದವು. ಪಾಕದಲ್ಲಿ ಬಿದ್ದ ಹಣ್ಣು ನೀರು ಬಿಡುತ್ತದೆ, ಸಕ್ಕರೆ ಹೀರುತ್ತದೆ. ಮೆತ್ತಗೆ ಉಳಿಯುತ್ತದೆ, ಬಣ್ಣ ಉಳಿಯುತ್ತದೆ, ತೂಕವೂ ಸಿಗುತ್ತದೆ. ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಏಪ್ರಿಕಾಟ್ ಇದೆಯಲ್ಲ, ಅದಕ್ಕೆ ಸಲ್ಫರ್ ಡೈಆಕ್ಸೈಡ್ ಕೊಟ್ಟಿರುತ್ತಾರೆ. ಕೊಡದಿದ್ದರೆ ಅದು ಕಂದು. ಮನೆಯಲ್ಲಿ ಎರಡೂ ಇಲ್ಲದೆ ಮಾಡಿದ ಮಾವು ಸ್ವಲ್ಪ ಕಪ್ಪಾಗುತ್ತದೆ, ಜಗಿಯಲು ಗಟ್ಟಿ. ಹೋಳುಗಳನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ಎರಡು ನಿಮಿಷ ಅದ್ದಿದರೆ ಬಣ್ಣ ತಕ್ಕಮಟ್ಟಿಗೆ ನಿಲ್ಲುತ್ತದೆ. ನೋಡಲು ಅಂಗಡಿಯದರ ಹಾಗೆ ಬರಬೇಕು ಅನ್ನುವವರು ಈ ಮಷೀನು ತಗೊಳ್ಳಬೇಡಿ.

ಸಕ್ಕರೆ ಹಾಕದೇ ಇದ್ದರೆ ಸಕ್ಕರೆ ಇಲ್ಲ ಅಂತಲ್ಲ. ಇದು ನಮ್ಮ ಮನೆಗೆ ಗೊತ್ತಾಗಿದ್ದು ಮಾವನವರಿಂದ. ಅವರಿಗೆ ಹದಿನೈದು ವರ್ಷದಿಂದ ಶುಗರ್. ಎರಡನೇ ಸೀಸನ್‌ನಲ್ಲಿ ಒಂದು ಮಧ್ಯಾಹ್ನ ಟಿವಿ ನೋಡುತ್ತಾ ಜಾಡಿಯ ಅರ್ಧ ಖಾಲಿ ಮಾಡಿದ್ದರು. ಕೇಳಿದರೆ, "ನೀನೇ ಹೇಳಿದೆಯಲ್ಲಮ್ಮ, ಸಕ್ಕರೆ ಹಾಕಿಲ್ಲ ಅಂತ" ಅಂದರು. ಎರಡು ಗಂಟೆ ಬಿಟ್ಟು ಮನೆಯ ಮೀಟರಿನಲ್ಲಿ ನೋಡಿದರೆ 290. ಬೈಯಲು ನನಗೆ ಬಾಯಿಯೇ ಬರಲಿಲ್ಲ. ಹೇಳಿದ್ದು ನಾನೇ ಅಲ್ವಾ.

ಅವತ್ತು ರಾತ್ರಿ ತಕ್ಕಡಿ ಇಟ್ಟುಕೊಂಡು ಲೆಕ್ಕ ಹಾಕಿದೆ. ಎರಡೂವರೆ ಕೆಜಿ ಹಣ್ಣಿನಿಂದ ಸಿಪ್ಪೆ, ವಾಟೆ ತೆಗೆದರೆ ಒಂದೂವರೆ ಕೆಜಿ ಹೋಳು. ಅದು ಒಣಗಿ 300 ಗ್ರಾಂ ಆಗುತ್ತದೆ. ಅಂದರೆ ಐದಕ್ಕೆ ಒಂದು. 100 ಗ್ರಾಂ ಮಾವಿನಲ್ಲಿ ಹೆಚ್ಚು ಕಡಿಮೆ 14 ಗ್ರಾಂ ಸಕ್ಕರೆ ಇರುತ್ತದೆ. ಹೋಗುವುದು ನೀರು ಮಾತ್ರ, ಸಕ್ಕರೆ ಎಲ್ಲಿಗೂ ಹೋಗಲ್ಲ. ಹಾಗಾಗಿ 20 ಗ್ರಾಂ ಒಣ ಮಾವು ತಿಂದರೂ ಅದೇ 14 ಗ್ರಾಂ. ಹಸಿ ಹಣ್ಣಾದರೆ ಒಂದು ತಿಂದಾಗ ಹೊಟ್ಟೆಗೆ ಗೊತ್ತಾಗುತ್ತದೆ. ಒಣಗಿದ್ದು ಮುಷ್ಟಿ ತಿಂದರೂ ಗೊತ್ತಾಗಲ್ಲ. ಮಾವನವರು ತಿಂದಿದ್ದು 150 ಗ್ರಾಂ ಇರಬೇಕು, ಒಂದೇ ಸಲಕ್ಕೆ ಮುಕ್ಕಾಲು ಕೆಜಿ ಹಸಿ ಹೋಳು ತಿಂದ ಹಾಗೆ. ಈಗ ಅವರಿಗೆ ಎರಡು ಹೋಳು, ಅದೂ ಕೆಲವು ದಿನ, ಮೀಟರ್ ನೋಡಿಕೊಂಡು. ಜಾಡಿ ನನ್ನ ರೂಮಿನ ಬೀರುವಿನಲ್ಲಿ.

ಯಾವ ಹಣ್ಣು ಚೆನ್ನಾಗಿ ಬರುತ್ತದೆ ಅಂತ ಕೇಳುವವರೇ ಜಾಸ್ತಿ. ನನ್ನ ಮಟ್ಟಿಗೆ ಬೇನಿಷಾ, ಅಂದರೆ ಬಂಗನಪಲ್ಲಿ ಮಾವಿಗೆ ಸಮ ಇಲ್ಲ. ನಾರಿಲ್ಲ, ಹೋಳು ನೀಟಾಗಿ ಬರುತ್ತದೆ, ಒಣಗಿದ ಮೇಲೂ ಪರಿಮಳ ಇರುತ್ತದೆ. ಪೂರ್ತಿ ಮಾಗುವ ಒಂದು ದಿನ ಮುಂಚೆ, ಒತ್ತಿದರೆ ಸ್ವಲ್ಪವೇ ತಗ್ಗುವಾಗ ಹೆಚ್ಚಬೇಕು. ಬಾದಾಮಿ ರುಚಿಯಲ್ಲಿ ಒಂದು ಕೈ ಮೇಲೆ, ಆದರೆ ಮೆತ್ತಗಿರುವುದರಿಂದ ಜಾಲರಿಗೆ ಅಂಟಿಕೊಂಡು ಅರ್ಧ ಅಲ್ಲೇ ಉಳಿಯುತ್ತದೆ. ಅಷ್ಟಕ್ಕೂ ಬಾದಾಮಿಯನ್ನು ಒಣಗಿಸಿ ತಿನ್ನುವುದು ಪಾಪ. ರಸಪುರಿ ಹೋಳಿಗೆ ಆಗಲ್ಲ, ತಾಂಡ್ರಕ್ಕೇ ಸರಿ. ಬಟರ್ ಪೇಪರ್‌ಗೆ ಕಡ್ಲೆಬೀಜದ ಎಣ್ಣೆ ಸವರಿ ರಸ ಹರಡಿದರೆ ಏಳೆಂಟು ಗಂಟೆಗೆ ಹಾಳೆಯ ಹಾಗೆ ಏಳುತ್ತದೆ. ತಟ್ಟೆಯ ನಡುವಿನ ತೂತು ಮಾತ್ರ ಮುಚ್ಚಬಾರದು, ಗಾಳಿ ಮೇಲೆ ಹೋಗುವುದು ಅಲ್ಲಿಂದಲೇ. ಮಲ್ಲಿಕಾ ವಿಪರೀತ ಸಿಹಿ, ಮಕ್ಕಳಿಗೆ ಇಷ್ಟ.

ತೋತಾಪುರಿ ಬಗ್ಗೆ ನನಗೆ ಮೊದಲು ತಾತ್ಸಾರ ಇತ್ತು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರಿನ ಕಡೆ ಕರ್ನಾಟಕದ ತೋತಾಪುರಿ ಬರದಂತೆ ತಡೆ ಬಿದ್ದು ಇಲ್ಲಿ ಬೆಲೆ ನೆಲಕ್ಕೆ ಬಂತಲ್ಲ, ಆಗ ಪಕ್ಕದ ಮನೆಯವರು ನಾಲ್ಕು ಕ್ರೇಟು ತಂದು ಸುಮ್ನೆ ಇಟ್ಟು ಹೋದರು. ಕುಯ್ಯುವ ಕೂಲಿಯೂ ಹುಟ್ಟಲ್ಲ ಅಂದರು. ಸಿಹಿಗೆ ಅದು ಸಪ್ಪೆ. ಆದರೆ ಅರೆಹಣ್ಣಿನ ಉದ್ದ ಸೀಳಿಗೆ ಉಪ್ಪು, ಬ್ಯಾಡಗಿ ಮೆಣಸಿನ ಪುಡಿ ಸವರಿ ಒಣಗಿಸಿ ನೋಡಿ. ಸ್ಕೂಲ್ ಗೇಟಿನ ಹತ್ತಿರ ಉಪ್ಪು ಖಾರ ಹಾಕಿ ಕೊಡುತ್ತಾರಲ್ಲ, ಅದೇ ರುಚಿ ಡಿಸೆಂಬರ್‌ನಲ್ಲೂ ಸಿಗುತ್ತದೆ. ಆ ವರ್ಷ ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗಿದ್ದು ಅದೇ ಜಾಡಿ. ನಾಲ್ಕು ಕ್ರೇಟಿನಲ್ಲಿ ನಾನು ಒಣಗಿಸಲು ಆಗಿದ್ದು ಒಂದು ಕ್ರೇಟಿನಷ್ಟೂ ಇಲ್ಲ ಅನ್ನುವುದೂ ನಿಜ. ಒಂದು ಸಲಕ್ಕೆ ಎರಡೂವರೆ ಕೆಜಿ ಹಿಡಿಯುವ ಮಷೀನು ಬೆಳೆಗಾರರ ಕಷ್ಟಕ್ಕೆ ಆಗುವ ವಸ್ತು ಅಲ್ಲ.

ಸಪೋಟ ಒಣಗಿಸಿದರೆ ಖರ್ಜೂರದ ರುಚಿ ಬರುತ್ತದೆ, ತಪ್ಪದೆ ಮಾಡಿ. ಏಲಕ್ಕಿ ಬಾಳೆ ಕಪ್ಪಾದರೂ ಜೇನಿನ ಹಾಗೆ, ಉತ್ತರ ಕನ್ನಡದವರು ಒಣಗಿಸುವ ಬಾಳೆಹಣ್ಣು, ಸುಕೇಳಿಯ ಹತ್ತಿರ ಬರುತ್ತದೆ. ಪರಂಗಿ ದಂಡ. ಹಲಸಿನ ತೊಳೆ ಚೆನ್ನಾಗಿ ಬಂತು, ಆದರೆ ಬೀದಿಗೆಲ್ಲ ವಾಸನೆ ಹೋಗಿ ಬಂದವರಿಗೆಲ್ಲ ಕೊಡಬೇಕಾಯಿತು. ಚಿಕ್ಕಬಳ್ಳಾಪುರದಿಂದ ತಂಗಿ ತಂದ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ ಸಿಪ್ಪೆ ಬಿರಿಸಿ 30 ಗಂಟೆ ಒಣಗಿಸಿದೆ. ಸಿಕ್ಕಿದ್ದು ಬೀಜ, ಮೇಲೊಂದು ಸಿಪ್ಪೆ. ಆ ಹಣ್ಣು ಜ್ಯೂಸಿಗೇ ಇರಲಿ.

ಟೊಮ್ಯಾಟೊ ಹಣ್ಣಲ್ಲ ಅನ್ನಬೇಡಿ, ಕೋಲಾರ ಜಿಲ್ಲೆಯಲ್ಲಿದ್ದು ಅದನ್ನು ಒಣಗಿಸದೆ ಇರುವುದು ಹೇಗೆ. ಐದು ಕೆಜಿಗೆ ಮುನ್ನೂರು ನಾಲ್ಕುನೂರು ಗ್ರಾಂ ಬರುತ್ತದೆ, ಉಳಿದದ್ದೆಲ್ಲ ನೀರು. ರೇಟು ಬಿದ್ದಾಗ ಒಣಗಿಸಿಟ್ಟರೆ ರೇಟು ಏರಿದಾಗ ಸಾರಿಗೆ ಆಗುತ್ತದೆ. ಒಂದೇ ಎಚ್ಚರಿಕೆ. ತಟ್ಟೆಗಳನ್ನು ಸರಿಯಾಗಿ ತೊಳೆಯದೆ ಮಾರನೇ ದಿನ ಮಾವು ಹಾಕಿದ್ದೆ. ಇಡೀ ಬ್ಯಾಚು ರಸಂ ವಾಸನೆ.

ಕರೆಂಟಿನ ಲೆಕ್ಕ. 12 ಗಂಟೆಗೆ ನಮ್ಮ ಮೀಟರಿನಲ್ಲಿ ಎರಡೂವರೆ ಯೂನಿಟ್ ಓಡುತ್ತದೆ. ಜೂನ್‌ನಲ್ಲಿ ಇಪ್ಪತ್ತು ದಿನ ಹಾಕಿದರೆ 50 ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇದು ದೊಡ್ಡ ವಿಷಯವಾಗಿದೆ. ನಮ್ಮ ಮನೆಗೆ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಶೇಕಡ 10ರಷ್ಟು ಮಾತ್ರ ಉಚಿತ, ಅದು ಮೀರಿದ್ದಕ್ಕೆ ಬಿಲ್ಲು. 200 ಯೂನಿಟ್ ದಾಟಿದರಂತೂ ಪೂರ್ತಿ ಕಟ್ಟಬೇಕು. ವರ್ಷಪೂರ್ತಿ ಸೊನ್ನೆ ಬಿಲ್ಲು ಬರುವ ನಮ್ಮ ಮನೆಗೆ ಜೂನ್ ಒಂದು ತಿಂಗಳು ಬಿಲ್ಲು ಬರುತ್ತದೆ. ಮಾವನವರು ಅದನ್ನು ಮಾವಿನ ಬಿಲ್ಲು ಅಂತ ಕರೆಯುತ್ತಾರೆ.

ಇನ್ನು ಮಷೀನಿನ ಬಾಳಿಕೆ. ಮೊದಲ ಎರಡು ವರ್ಷ ತೊಂದರೆ ಇಲ್ಲ. ಶಬ್ದ ಟೇಬಲ್ ಫ್ಯಾನಿನಷ್ಟು. ಮೂರನೇ ಸೀಸನ್‌ನಲ್ಲಿ ಫ್ಯಾನು ಕಿರಗುಟ್ಟಲು ಶುರುವಾಗಿ ಒಂದು ದಿನ ನಿಂತೇ ಹೋಯಿತು. ಹೀಟರ್ ಉರಿಯುತ್ತಲೇ ಇತ್ತು. ಕೆಳಗಿನ ತಟ್ಟೆಯ ಹೋಳುಗಳು ಸುಟ್ಟ ವಾಸನೆ ಬಂದಾಗಲೇ ಗೊತ್ತಾಗಿದ್ದು. ಇದು ನನ್ನ ದೊಡ್ಡ ದೂರು. ಫ್ಯಾನು ನಿಂತರೆ ಹೀಟರೂ ನಿಲ್ಲಬೇಕು, ಇದರಲ್ಲಿ ಹಾಗೆ ಆಗಲಿಲ್ಲ. ಮಷೀನು ಹಾಕಿ ಮನೆ ಬಿಟ್ಟು ಹೋಗುವುದನ್ನು ಅವತ್ತೇ ನಿಲ್ಲಿಸಿದೆ. ಕಂಪನಿಗೆ ಫೋನು ಮಾಡಿದರೆ ವಾರಂಟಿ ಒಂದೇ ವರ್ಷ, ಬೆಂಗಳೂರಿಗೆ ತಂದುಕೊಡಿ ಅಂದರು. ಇಲ್ಲೇ ಬಸ್ ಸ್ಟ್ಯಾಂಡ್ ಹತ್ತಿರ ಮಿಕ್ಸಿ ರಿಪೇರಿ ಮಾಡುವವರು ಬಿಚ್ಚಿ ನೋಡಿದರು. ಹಣ್ಣಿನ ಸಿಹಿ ರಸ ತೊಟ್ಟಿಕ್ಕಿ ಫ್ಯಾನಿನ ದಂಡಕ್ಕೆ ಅಂಟು ಹಿಡಿದಿತ್ತು. ತೊಳೆದು, ಎಣ್ಣೆ ಬಿಟ್ಟು, 350 ರೂಪಾಯಿ ತಗೊಂಡರು. ಈಗ ಕೆಳಗಿನ ತಟ್ಟೆಗೆ ಯಾವಾಗಲೂ ಕಡಿಮೆ ರಸದ ಹೋಳು ಇಡುತ್ತೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮತ್ತೆ ತಗೊಳ್ಳುವುದಾದರೆ ಫ್ಯಾನು ಹಿಂದೆ ಇರುವ, ಸ್ಟೀಲ್ ತಟ್ಟೆಯ ಚೌಕ ಮಷೀನು ತಗೊಳ್ಳುತ್ತೇನೆ. ಬೆಲೆ ಜಾಸ್ತಿ, ಆದರೆ ತಟ್ಟೆ ಬದಲಿಸುವ ರಗಳೆ ಕಡಿಮೆ, ರಸ ಫ್ಯಾನಿಗೆ ಬೀಳಲ್ಲ. ನನ್ನದರ ಮೂರನೇ ತಟ್ಟೆ ಹೋದ ವರ್ಷ ತೊಳೆಯುವಾಗ ಅಂಚಿನಲ್ಲಿ ಸೀಳಿತು, ನಡುವೆ ಗಾಳಿ ಸೋರುತ್ತದೆ. ಬಿಡಿ ತಟ್ಟೆ ಕಂಪನಿಯವರು ಕೊಡಲ್ಲವಂತೆ. 32 ಸೆಂಟಿಮೀಟರ್ ಅಗಲದ ಬಿಳಿ ಗುಂಡು ತಟ್ಟೆ, ಪಕ್ಕದಲ್ಲಿ ಎರಡು ಹಿಡಿ. ಇದೇ ಮಷೀನು ಕೆಟ್ಟು ಅಟ್ಟದಲ್ಲಿ ಬಿದ್ದಿದ್ದರೆ ಹೇಳಿ, ಒಂದು ಜಾಡಿ ಬೇನಿಷಾ ಕೊಟ್ಟು ತಗೊಳ್ಳುತ್ತೇನೆ.